ತಮ್ಮನ ಬಸ್ಸಿಗೆ ಗ್ರಾಫಿಕ್ಸ್ ಕಾರ್ಡು

ನನ್ನ ತಮ್ಮ ಒಬ್ಬ ಹೆಂಗಸನ್ನು ಬಸ್ಸಿನಡಿ ಹಾಕಿ ಕೊಂದಿದ್ದಾನೆ. ಅದೂ ನಮ್ಮ ಮನೆಯ ಚಾವಡಿಯಲ್ಲಿ, ಮರದ ಕುರ್ಚಿಯ ಮೇಲೆ ಕೂತುಕೊಂಡು. ಪೊಲೀಸರು ಬರಲಿಲ್ಲ, ಜನ ಸೇರಲಿಲ್ಲ. ಸತ್ತವಳು ಸ್ವಲ್ಪ ಹೊತ್ತಿನಲ್ಲಿ ಎದ್ದು ತನ್ನ ಕೊಡೆ ಹಿಡಿದುಕೊಂಡು ಹೊರಟೂ ಹೋದಳು. ಆದರೆ ಕೊಂದವನು ಮಾತ್ರ ಅನ್ನ ಬಿಟ್ಟ. ಇಂಥವನ ಜತೆ ಒಂದೇ ಸೂರಿನಡಿ ಬದುಕುವವಳು ನಾನು. ನನ್ನ ಕಷ್ಟ ಕೇಳುವವರು ಯಾರಾದರೂ ಇದ್ದಾರೆಯೇ?

ಮೊದಲಿನಿಂದ ಹೇಳುತ್ತೇನೆ. ನನ್ನ ತಮ್ಮ ಮೂಡುಬಿದಿರೆ, ವೇಣೂರು, ಬೆಳ್ತಂಗಡಿ ಲೈನಿನಲ್ಲಿ ಖಾಸಗಿ ಬಸ್ಸು ಓಡಿಸುತ್ತಿದ್ದವನು. ಮದುವೆಯಾಗಲಿಲ್ಲ. ಕೊಡುವವರು ಇರಲಿಲ್ಲವೆಂದಲ್ಲ, ಹೆಣ್ಣು ನೋಡಲು ಹೋದಲ್ಲಿ ಹುಡುಗಿಯ ಮುಖ ನೋಡದೆ ಅಂಗಳದಲ್ಲಿ ನಿಂತ ಜೀಪಿನ ಟಯರು ನೋಡಿಕೊಂಡು ಬಂದವನನ್ನು ಯಾರು ಅಳಿಯನಾಗಿ ಮಾಡಿಕೊಳ್ಳುತ್ತಾರೆ? ಹಾಗೆ ಶಿರ್ತಾಡಿಯ ನನ್ನ ಮನೆಯಲ್ಲೇ ಉಳಿದ. ನನ್ನ ಗಂಡ ಹೋದ ಮೇಲೆ ಮನೆಗೊಂದು ಗಂಡಸಾಯಿತಲ್ಲ ಎಂದು ಊರವರು ಹೇಳಿದರು. ಊರವರಿಗೇನು, ಬಟ್ಟೆ ಒಗೆಯುವವಳು ನಾನು.

ಕಳೆದ ವರ್ಷ ಅವನಿಗೆ ಲಕ್ವ ಹೊಡೆಯಿತು. ಬಾಯಿ ಸರಿಯಾಯಿತು, ಕಾಲು ಎಳೆದು ಹಾಕುವಷ್ಟು ಬಂತು. ಎಡಗೈ ಮಾತ್ರ ಬರಲಿಲ್ಲ. ಬಸ್ಸಿನಲ್ಲಿ ಗೇರು ಹಾಕುವುದು ಎಡಗೈಯಲ್ಲಿ. ಲೈಸನ್ಸು ಮುಂದುವರಿಸಲಿಲ್ಲ, ಧಣಿ ಕೈಮುಗಿದು ಕಳಿಸಿದರು. ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಅದನ್ನು ಹಿಸುಕಬೇಕು, ಇಲ್ಲವಾದರೆ ಕೈ ಹೀಗೇ ಒಣಗುತ್ತದೆ ಎಂದರು. ಇವನು ಚೆಂಡನ್ನು ನಾಯಿಗೆ ಎಸೆದ. ನಾಯಿಯ ದವಡೆ ಈಗ ಬಹಳ ಗಟ್ಟಿಯಾಗಿದೆ.

“ಚೆಂಡು ಹಿಸುಕಲಿಕ್ಕೆ ನಾನೆಂತ ಸಣ್ಣ ಮಗುವಾ?” ಎಂದ.

“ಸಣ್ಣ ಮಗು ಆದ್ರೆ ಎರಡು ಪೆಟ್ಟು ಕೊಡಬಹುದಿತ್ತು,” ಎಂದೆ.

ಗಲ್ಫಿನಲ್ಲಿರುವ ನನ್ನ ಅಳಿಯ ಊರಿಗೆ ಬಂದವನು ಇದನ್ನೆಲ್ಲ ನೋಡಿ, ತನ್ನ ಮಕ್ಕಳು ಆಡಿ ಬಿಟ್ಟ ಒಂದು ಸ್ಟಿಯರಿಂಗನ್ನು ಮುಂದಿನ ಸಲ ತಂದುಕೊಟ್ಟ. ಸ್ಟಿಯರಿಂಗು, ಬ್ರೇಕು, ಗೇರು ಎಲ್ಲ ಉಂಟು, ಬಸ್ಸು ಮಾತ್ರ ಇಲ್ಲ. ಬಸ್ಸು ಕಂಪ್ಯೂಟರಿನ ಒಳಗೆ ಇರುವುದಂತೆ. ವೇಣೂರಿನಲ್ಲಿ ಮುಚ್ಚಿದ ಅಂಗಡಿಯೊಂದರ ಹಳೆಯ ಕಂಪ್ಯೂಟರು ಬಂತು. ಬಸ್ಸು ಓಡಿಸುವ ಆಟವನ್ನು ಅಳಿಯನೇ ಹಾಕಿಕೊಟ್ಟು ಹೋದ. ನಾನು ಬೀಡಿ ಕಟ್ಟಲು ಕೂರುತ್ತಿದ್ದ ಜಾಗ ಬಸ್ ಸ್ಟ್ಯಾಂಡಾಯಿತು.

ಮೊದಲ ದಿನವೇ ಖಾಕಿ ಅಂಗಿ ಹಾಕಿಕೊಂಡು ಕೂತ. ಪರದೆಯ ಮೇಲೆ ಲಿಂಬೆ, ಮೆಣಸು ತೂಗಿತು. ಎಡಗೈಯನ್ನು ಬಲಗೈಯಿಂದ ಎತ್ತಿ ಗೇರಿನ ಮೇಲೆ ಇಟ್ಟ. ಸತ್ತ ಮೀನನ್ನು ತಟ್ಟೆಯಲ್ಲಿಟ್ಟ ಹಾಗೆ. ಕೈ ಜಾರಿ ಬಿತ್ತು. ಮತ್ತೆ ಇಟ್ಟ. ಚೆಂಡಿಗೆ ಮಾಡದ ಮರ್ಯಾದೆಯನ್ನು ಗೇರಿಗೆ ಮಾಡಿದ. ಆಗಲಿ, ಹೇಗಾದರೂ ಕೈ ಬರಲಿ ಎಂದು ನಾನು ಸುಮ್ಮನಿದ್ದೆ. ನಾನು ಸುಮ್ಮನಿರುವುದು ಅಪರೂಪ. ಅದನ್ನು ಅವನು ಒಪ್ಪಿಗೆ ಎಂದು ತಿಳಿದುಕೊಂಡ.

ಆಮೇಲೆ ಆ ಹೆಂಗಸಿನ ವಿಷಯ. ಆ ಕಂಪ್ಯೂಟರಿನಲ್ಲಿ ಚಿತ್ರ ನಿಂತು ನಿಂತು ಓಡುತ್ತಿತ್ತು. ಇವನು ಬ್ರೇಕು ಒತ್ತಿದರೆ ಬಸ್ಸು ಸ್ವಲ್ಪ ಯೋಚನೆ ಮಾಡಿ ನಿಲ್ಲುತ್ತಿತ್ತು. ಒಂದು ಬೆಳಿಗ್ಗೆ ಕೊಡೆ ಹಿಡಿದ ಹೆಂಗಸೊಬ್ಬಳು ರಸ್ತೆ ದಾಟಿದಳು. ಇವನು ಬ್ರೇಕು ಒತ್ತಿದ. ಬಸ್ಸು ಯೋಚನೆ ಮಾಡಿತು.

ಅಷ್ಟು ವರ್ಷ ಬಸ್ಸು ಓಡಿಸಿ ಒಂದು ಕೋಳಿಗೂ ತಾಗಿಸದವನು. ಅಂಗಳಕ್ಕೆ ಬಂದು ಕಲ್ಲಿನ ಮೇಲೆ ಕೂತ. ಮುಖ ಬೂದಿಯಾಗಿತ್ತು.

“ಅದು ಗೊಂಬೆ ಮಾರಾಯ. ಎದ್ದು ಹೋದಳು, ನಾನೇ ನೋಡಿದೆ,” ಎಂದೆ.

“ಬ್ರೇಕ್ ಒತ್ತಿದ್ದೇನೆ ಅಕ್ಕ. ನನ್ನ ಕಾಲು ತಪ್ಪಲಿಲ್ಲ.”

“ತಪ್ಪಲಿಲ್ಲ ಅಂತ ನಾನೂ ಹೇಳುವುದು. ಈಗ ಉಣ್ಣು.”

ಉಣ್ಣಲಿಲ್ಲ. ಒಂದು ನಾಣ್ಯವನ್ನು ಅರಸಿನ ಬಟ್ಟೆಯಲ್ಲಿ ಕಟ್ಟಿ ದೇವರ ಕೋಣೆಯಲ್ಲಿ ತಪ್ಪು ಕಾಣಿಕೆ ಇಟ್ಟ. ಯಾವ ದೇಶದ ಹೆಂಗಸೋ, ಯಾವ ಜಾತಿಯೋ, ನಮ್ಮ ದೈವಕ್ಕೆ ಅವಳ ಲೆಕ್ಕ ಒಪ್ಪಿಸಿದ. ಬಸ್ಸು ಸರಿಯಾಗುವ ತನಕ ರೋಡಿಗೆ ಇಳಿಸುವುದಿಲ್ಲ ಎಂದು ಕಂಪ್ಯೂಟರಿಗೆ ಗೋಣಿ ಮುಚ್ಚಿದ. ಎಡಗೈ ಪುನಃ ತೊಡೆಯ ಮೇಲೆ ಮಲಗಿತು. ಅದಕ್ಕೆ ಗೋಣಿ ಮುಚ್ಚುವುದೊಂದು ಬಾಕಿ.

ನಾನೇ ಅವನನ್ನು ಮೂಡುಬಿದಿರೆಯ ಕಂಪ್ಯೂಟರ್ ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿ ನಡೆಸುವುದು ಕನ್ನಡಕ ಹಾಕಿದ ಒಬ್ಬ ಹೆಂಗಸು. ನಾವು ಹೊತ್ತುಕೊಂಡು ಹೋದ ಕಂಪ್ಯೂಟರಿನ ಡಬ್ಬಿಯನ್ನು ಅವಳು ಬಿಚ್ಚಿ ನೋಡಿ, “ಅಣ್ಣ, ಇದರಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಲೆಕ್ಕ ಮಾಡುವುದೂ ಚಿತ್ರ ಬಿಡಿಸುವುದೂ ಒಂದೇ ಚಿಪ್ ಆಗಿದೆ. ಅದಕ್ಕೆ ತಡ ಆಗ್ತದೆ,” ಎಂದಳು.

“ಡ್ರೈವರೇ ಟಿಕೆಟೂ ಹರಿದ ಹಾಗೆ,” ಎಂದ ಇವನು.

“ಹಾಗೇ. ಒಂದು ಸಣ್ಣ ಕಾರ್ಡ್ ಹಾಕುವ. ಅದಕ್ಕೆ ಬೇರೆ ಕರೆಂಟಿನ ವಯರ್ ಬೇಡ. ನಿಮ್ಮ ಡಬ್ಬಿಗೂ ಹಿಡಿಸ್ತದೆ, ರೇಟೂ ಕಮ್ಮಿ.”

ಮಾತು ಅಲ್ಲಿಗೆ ಮುಗಿಯಬೇಕಿತ್ತು. ಅವಳು ಕಾರ್ಡನ್ನು ಕೈಗೆ ಕೊಟ್ಟಳು. ಇವನು ಅದನ್ನು ತೂಗಿ ನೋಡಿ, “ಇದು ಮಿನಿ ಬಸ್ಸು. ಚಾರ್ಮಾಡಿ ಘಾಟಿ ಹತ್ತಲಿಕ್ಕಿಲ್ಲ,” ಎಂದು ವಾಪಸು ಇಟ್ಟ. ನನ್ನ ಚಾವಡಿಯಲ್ಲಿ ಯಾವ ಘಾಟಿ ಉಂಟು ಎಂದು ಕೇಳಿದೆ. ಮಿನಿ ಬಸ್ಸಿನವರ ಮೇಲೆ ಅವನಿಗೆ ಮೊದಲಿನಿಂದಲೂ ಹೊಟ್ಟೆಯುರಿ. ನಿಲ್ದಾಣದಲ್ಲಿ ಇವನ ಪ್ರಯಾಣಿಕರನ್ನು ಎತ್ತಿಕೊಂಡು ಹೋಗುತ್ತಿದ್ದರಂತೆ.

ಹೊಸ ದೊಡ್ಡ ಕಾರ್ಡಿನ ರೇಟು ಕೇಳಿದರೆ, ಆ ಹಣಕ್ಕೆ ಕರು ಸಮೇತ ಒಂದು ದನ ಬರುತ್ತದೆ. ಆದ್ದರಿಂದ ಹಳೆಯದು. ಬಂಟ್ವಾಳ ಪೇಟೆಯಲ್ಲಿ ಗಲ್ಫಿನಿಂದ ಬಂದು ಹಳೆಯ ಕಂಪ್ಯೂಟರ್ ಸಾಮಾನಿನ ವ್ಯಾಪಾರ ಇಟ್ಟ ಸಾಹೇಬರೊಬ್ಬರು ಇದ್ದಾರೆಂದು ಯಾರೋ ಹೇಳಿದರು. ಹೋದೆವು.

ಹಳೆಯ ಬಸ್ಸು ಕೊಳ್ಳುವಾಗ ನಮ್ಮ ಕಡೆಯ ಡ್ರೈವರುಗಳಿಗೆ ಒಂದು ಕ್ರಮ ಉಂಟು. ಗಾಡಿ ಬಂಟ್ವಾಳದ್ದಾದರೆ ಮೊದಲು ಸೀಟು ಎತ್ತಿ ಮೂಸಬೇಕು. ನೇತ್ರಾವತಿಯ ನೆರೆನೀರು ಒಮ್ಮೆ ಒಳಗೆ ಹೊಕ್ಕರೆ, ಎಷ್ಟು ತೊಳೆದರೂ ಕೆಸರಿನ ವಾಸನೆ ಹೋಗುವುದಿಲ್ಲವಂತೆ. ನನ್ನ ತಮ್ಮ ಸಾಹೇಬರ ಒಂದೊಂದು ಕಾರ್ಡನ್ನೂ ಎತ್ತಿ ಫ್ಯಾನಿನ ಸಂದಿಗೆ ಮೂಗಿಟ್ಟು ಮೂಸಿದ. ಸ್ಕ್ರೂ ಸ್ಕ್ರೂವಿಗೆ ಉಗುರು ಹಾಕಿ ತುಕ್ಕು ಕೆರೆದ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ.

ಸಾಹೇಬರು ಬಹಳ ಹೊತ್ತು ನೋಡಿದರು. ಆಮೇಲೆ, “ಅಣ್ಣ, ಇದು ಬಂಗುಡೆ ಮೀನು ಅಲ್ಲ,” ಎಂದರು.

“ನೆರೆಗೆ ಸಿಕ್ಕಿದ ಮಾಲಾ?”

“ಇದು ದುಬಾಯಿಯಿಂದ ಬಂದದ್ದು. ಅಲ್ಲಿ ಕುಡಿಲಿಕ್ಕೆ ನೀರಿಲ್ಲ, ನೆರೆ ಎಲ್ಲಿಂದ ಬರ್ತದೆ?”

“ಎಷ್ಟು ಕೈ ದಾಟಿದೆ?”

“ನೀವು ನಾಲ್ಕನೆಯವರು. ಮೂಸಿದವರಲ್ಲಿ ಮೊದಲನೆಯವರು.”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಬಿಡಲಿಲ್ಲ. ಬಂಟ್ವಾಳದ ಭೂಮಿ ನೀರಿಗೆ ಮಾತ್ರ ದಾರಿ ಬಿಡುವುದು. ಸಾಹೇಬರು, ನಿಮ್ಮ ಡಬ್ಬಿ ಎಷ್ಟು ದೊಡ್ಡದು, ಅದರ ಕರೆಂಟಿನ ಪೆಟ್ಟಿಗೆ ಯಾವುದು ಎಂದು ಮೂರು ಸಲ ಕೇಳಿದರು. ಇವನ ಮೂಗು ಕೆಲಸದಲ್ಲಿದ್ದ ಕಾರಣ ಕಿವಿ ಕೇಳಲಿಲ್ಲ. ಕೊನೆಗೆ ಎಲ್ಲದಕ್ಕಿಂತ ಭಾರವಾದುದನ್ನು ಆರಿಸಿದ. ಭಾರ ಇದ್ದರೆ ರೋಡಿನಲ್ಲಿ ಕೂತು ಓಡುತ್ತದೆ ಎಂದು ನನಗೆ ವಿವರಿಸಿದ. ಮೂರು ಫ್ಯಾನು, ಒಳ್ಳೆಯ ಸೋರೆಕಾಯಿಯಷ್ಟು ಉದ್ದ.

ಮನೆಗೆ ತಂದರೆ ಸೋರೆಕಾಯಿ ಡಬ್ಬಿಯೊಳಗೆ ಹೋಗಲಿಲ್ಲ.

ಬುದ್ಧಿ ಇದ್ದವನು ಕಾರ್ಡು ಬದಲಿಸುತ್ತಾನೆ. ನನ್ನ ತಮ್ಮ ಡಬ್ಬಿಯನ್ನು ಬೆಳ್ತಂಗಡಿಗೆ ಕೊಂಡುಹೋಗಿ, ಬಸ್ಸಿಗೆ ಬಾಡಿ ಕಟ್ಟುವ ಗ್ಯಾರೇಜಿಗೆ ಕೊಟ್ಟ. ಹಳೆಯ ದೋಸ್ತಿ ನೋಡಿ. ಅವರು ತಗಡು ಕೊಯ್ದು, ಬೆಸುಗೆ ಹಾಕಿ, ಉದ್ದ ಮಾಡಿ, ಕಿಟಕಿ ಇಟ್ಟು, ಇವನು ಓಡಿಸುತ್ತಿದ್ದ ಬಸ್ಸಿನ ಬಣ್ಣವನ್ನೇ ಬಳಿದು ಕೊಟ್ಟರು. ಹಿಂದುಗಡೆ ‘ಅಂತರ ಕಾಪಾಡಿ’ ಎಂದು ಬರೆದಿದ್ದರು. ನಾನು ಆವತ್ತಿನಿಂದ ಕಾಪಾಡಿಕೊಂಡಿದ್ದೇನೆ.

ಕಾರ್ಡು ಒಳಗೆ ಹೋಯಿತು. ತೆಂಗಿನಕಾಯಿ ಒಡೆದ. ಸ್ವಿಚ್ಚು ಹಾಕಿದ. ಮೂರೂ ಫ್ಯಾನು ಒಮ್ಮೆ ತಿರುಗಿ, ಪರದೆಯಲ್ಲಿ ರಸ್ತೆ ಕಾಣುವಷ್ಟರಲ್ಲಿ ಇಡೀ ಕಂಪ್ಯೂಟರು ನಿಂತಿತು. ಮತ್ತೆ ಹಾಕಿದ, ಮತ್ತೆ ನಿಂತಿತು. ಮೂಡುಬಿದಿರೆಯ ಹೆಂಗಸಿಗೆ ಫೋನು ಮಾಡಿದರೆ, ಅಷ್ಟು ದೊಡ್ಡ ಕಾರ್ಡು ಎಳೆಯುವ ಕರೆಂಟು ನಿಮ್ಮ ಪೆಟ್ಟಿಗೆಯಲ್ಲಿಲ್ಲ, ಅದನ್ನೂ ಬದಲಿಸಬೇಕು, ಅದನ್ನು ಬದಲಿಸಿದರೂ ಹಳೆಯ ಕಂಪ್ಯೂಟರಿನ ಉಳಿದ ಭಾಗಗಳು ಇದಕ್ಕೆ ಸಾಲುವುದಿಲ್ಲ ಎಂದಳು. ಹಣ ಮುಗಿದಿತ್ತು.

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಬೇಡಿ. ತಿಂಗಳುಗಟ್ಟಲೆ ಇದೇ ಮಾತು ಕೇಳಿದರೆ ನಮ್ಮ ಬೆಕ್ಕೂ ಕಾರ್ಡು ಆರಿಸೀತು, ಇವನಿಗಿಂತ ಚೆನ್ನಾಗಿ.

ಆಮೇಲೆ ಅವನಿಗೆ ಎರಡೇ ಕೆಲಸ. ಚಾವಡಿಯ ಕಂಬಕ್ಕೆ ಒರಗಿ ಕೂರುವುದು, ರಸ್ತೆಯಲ್ಲಿ ಬಸ್ಸಿನ ಹಾರನು ಕೇಳಿದರೆ ಆ ಕಡೆ ತಿರುಗುವುದು, ಅಷ್ಟೇ. ಎಡಗೈಯ ಬೆರಳುಗಳು ಒಳಗೆ ಮಡಚಿಕೊಳ್ಳತೊಡಗಿದವು. ಸ್ನಾನದ ನೀರು ಕೊಡುವಾಗ ಅವುಗಳನ್ನು ಬಿಡಿಸಲು ನೋಡಿದೆ, ಬಿಡಲಿಲ್ಲ. ಕೈ ಒಣಗುತ್ತದೆ ಎಂದು ಡಾಕ್ಟರು ಹೇಳಿದ್ದು ಹೀಗೆಯೇ ಇರಬೇಕು. ಕಾರ್ಡು ವಾಪಸು ಕೊಡುವ ಎಂದರೆ, “ಮೂಸಿ ತೆಗೆದುಕೊಂಡದ್ದನ್ನು ಯಾವ ಮುಖದಲ್ಲಿ ವಾಪಸ್ ಕೊಡುವುದು?” ಎಂದ. ಮರ್ಯಾದೆ! ಕೈ ಹೋದವನಿಗೂ ಅದೊಂದು ಗಟ್ಟಿಯಾಗಿ ಉಳಿದಿರುತ್ತದೆ.

ನನಗೆ ಅಂಥದ್ದೇನೂ ಇಲ್ಲ. ಸೋರೆಕಾಯಿಯನ್ನು ಸೀರೆಯ ತುಂಡಿನಲ್ಲಿ ಸುತ್ತಿ, ಚೀಲಕ್ಕೆ ಹಾಕಿ, ಸಿದ್ಧಕಟ್ಟೆಯ ಮೇಲಿನಿಂದ ಹೋಗುವ ಬಸ್ಸು ಹತ್ತಿ ಬಂಟ್ವಾಳಕ್ಕೆ ಹೋದೆ. ಸಾಹೇಬರ ಮೇಜಿನ ಮೇಲೆ ಇಟ್ಟೆ.

“ಹಿಡಿಸಲಿಲ್ಲ. ಬೇರೆ ಕೊಡಿ.”

“ಅಕ್ಕ, ನಾನು ಅವತ್ತೇ ಕೇಳಿದ್ದೆ. ನಿಮ್ಮ ತಮ್ಮ ಮೂಸ್ತಾ ಇದ್ದರು.”

“ಮೂಸಿದ್ದು ತಪ್ಪಾ? ಬಂಟ್ವಾಳದಲ್ಲಿ ನಾವು ಸೀರೆ ತಗೊಳ್ಳುವುದೂ ಮೂಸಿಯೇ.”

“ಬೋರ್ಡ್ ನೋಡಿ. ಮಾರಿದ ಮಾಲು ವಾಪಸ್ ಇಲ್ಲ ಅಂತ ಉಂಟು.”

“ನನಗೆ ಅಷ್ಟೆಲ್ಲ ಓದಲಿಕ್ಕೆ ಬರುವುದಿಲ್ಲ,” ಎಂದು ಅಲ್ಲಿದ್ದ ಸ್ಟೂಲು ಎಳೆದು ಕೂತೆ. ಚೀಲದಿಂದ ಎಲೆಯಡಿಕೆ ತೆಗೆದೆ. ಗಿರಾಕಿಗಳು ಬಂದರು, ನನ್ನನ್ನು ನೋಡಿದರು, ಹೋದರು. ಸಾಹೇಬರು ನಮಾಜಿಗೆ ಹೋಗಿ ಬಂದರು. ನಾನು ಇದ್ದೆ.

ಬಂದವರು ಎದುರು ಕೂತು, “ಅವರ ಎಡಗೈ ಹೇಗುಂಟು ಈಗ?” ಎಂದರು. ನಾವು ಅವರಿಗೆ ಕೈಯ ವಿಷಯ ಹೇಳಿರಲಿಲ್ಲ. ಒಂದೇ ಕೈಯಲ್ಲಿ ಕಾರ್ಡು ಎತ್ತಿದ್ದನ್ನು ನೋಡಿದ್ದರು, ಅಷ್ಟೇ.

“ಮಡಚಿದೆ,” ಎಂದೆ.

ಅವರು ಎದ್ದು ಒಳಗಿನಿಂದ ಒಂದು ಸಣ್ಣ ಕಾರ್ಡು ತಂದರು. ಒಂದೇ ಫ್ಯಾನು. ಮೂಡುಬಿದಿರೆಯವಳು ತೋರಿಸಿದಂಥದ್ದೇ. ಬೇರೆ ವಯರ್ ಬೇಡ, ಹಳೆಯ ಪೆಟ್ಟಿಗೆಯೇ ಸಾಕು ಎಂದರು.

“ಇದು ಎಷ್ಟು ಚಂದ ಕಾಣ್ತದೆ, ಎಷ್ಟು ಜೋರು ಓಡ್ತದೆ ಅಂತ ನನಗೆ ಬೇಡ,” ಎಂದೆ. “ಬ್ರೇಕ್ ಒತ್ತಿದಾಗ ನಿಲ್ಲುತ್ತದಾ? ಅದೊಂದು ಹೇಳಿ.”

ಸಾಹೇಬರು ನಕ್ಕರು. “ಇಲ್ಲಿಗೆ ಬರುವವರೆಲ್ಲ ಓಡುವುದನ್ನು ಕೇಳುವವರು ಅಕ್ಕ. ನಿಲ್ಲುವುದನ್ನು ಕೇಳಿದವರು ನೀವೇ. ನಿಲ್ತದೆ. ಆದ್ರೆ ಆಟದ ಚಿತ್ರದಲ್ಲಿ ಮರಕ್ಕೆ ಎಲೆ ಜಾಸ್ತಿ ಕಾಣ್ಲಿಕ್ಕಿಲ್ಲ, ನೆರಳೂ ತೆಗೀಬೇಕು.”

“ತೆಗೆಯಿರಿ,” ಎಂದೆ. ದೊಡ್ಡದನ್ನು ಇಟ್ಟುಕೊಂಡು ಇದನ್ನು ಕೊಟ್ಟರು.

ಮೂಡುಬಿದಿರೆಯ ಹೆಂಗಸು ಮನೆಗೆ ಬಂದು ಕೂರಿಸಿದಳು. ಆ ಉದ್ದದ ಡಬ್ಬಿಯೊಳಗೆ ಆ ಸಣ್ಣ ಕಾರ್ಡು, ಕೊನೆಯ ಟ್ರಿಪ್ಪಿನ ಖಾಲಿ ಬಸ್ಸಿನಲ್ಲಿ ಒಬ್ಬನೇ ಮುದುಕ ಕೂತ ಹಾಗೆ ಕಾಣುತ್ತಿತ್ತು. ಅವಳು ನೆರಳು ತೆಗೆದಳು, ಎಲೆ ಕಡಿಮೆ ಮಾಡಿದಳು. ತಮ್ಮ ಮುಖ ಸಿಂಡರಿಸಿ ನೋಡಿದ.

“ಮರದಲ್ಲಿ ಎಲೆಯೇ ಇಲ್ಲ.”

“ಎಲೆ ಇದ್ರೆ ಎಂತ, ಕೊಯ್ದು ದನದ ಹಟ್ಟಿಗೆ ಹಾಕ್ತೀಯಾ? ರೋಡು ನೋಡು.”

ಎರಡು ದಿನ ಮಿನಿ ಬಸ್ಸನ್ನು ಬೈದ. ಮೂರನೆಯ ದಿನ ಖಾಕಿ ಅಂಗಿ ಹುಡುಕಿದ. ಒಗೆದು ಇಟ್ಟಿದ್ದೆ, ಒಗೆಯುವವಳು ನಾನೇ ತಾನೇ.

ಮೊನ್ನೆ ಮಧ್ಯಾಹ್ನ ಗಂಜಿ ಆರುತ್ತದೆಂದು ಕರೆಯಲು ಹೋದೆ. ಅವನು ಬಸ್ಸಿನಲ್ಲಿದ್ದ. ಬೈಯಲು ಬಾಯಿ ತೆಗೆದವಳು ಕಾಲು ನೋವೆಂದು ಅವನ ಹಿಂದಿನ ಬೆಂಚಿನಲ್ಲಿ ಕೂತೆ. ಯಾವ ದೇಶವೋ, ಬೋಳು ಮರಗಳು, ಅಗಲ ರಸ್ತೆ. ಒಬ್ಬಳು ಹೆಂಗಸು ಮಗುವಿನ ಕೈ ಹಿಡಿದು ರಸ್ತೆಗೆ ಇಳಿದಳು. ತಮ್ಮ ಬ್ರೇಕು ಒತ್ತಿದ. ಬಸ್ಸು ನಿಂತಿತು, ಅವಳಿಗೆ ಇನ್ನೂ ಮಾರು ದೂರ ಇರುವಾಗಲೇ. ಅವಳು ದಾಟಿದಳು. ಮಗುವೂ ದಾಟಿತು. ಅವರು ಆಚೆ ದಂಡೆ ಸೇರುವವರೆಗೆ ಅವನು ಉಸಿರು ಬಿಡಲಿಲ್ಲ. ಬಿಟ್ಟ ಮೇಲೆ ಗೇರು ಹಾಕಿದ. ಬಲಗೈ ಸ್ಟಿಯರಿಂಗಿನಲ್ಲೇ ಇತ್ತು. ನಾನು ನೋಡಿದೆ, ಅವನು ನೋಡಲಿಲ್ಲ. ಹೇಳಲು ಹೋಗಲಿಲ್ಲ, ಹೇಳಿದರೆ ಎಡಗೈ ಅದನ್ನು ಕೇಳಿಸಿಕೊಂಡು ನಿಲ್ಲಿಸೀತು.

ಅಷ್ಟರಲ್ಲಿ ಕರೆಂಟು ಹೋಯಿತು. ಪರದೆ ಕಪ್ಪಾಯಿತು, ಫ್ಯಾನು ನಿಂತಿತು. ಈಗಲಾದರೂ ಊಟಕ್ಕೆ ಬರುತ್ತಾನೆಂದು ನಾನು ಬೆಂಚಿಗೆ ಕೈಯೂರಿ ಎದ್ದೆ.

“ಇಳಿಯಬೇಡ ಅಕ್ಕ,” ಎಂದ, ಹಿಂದೆ ತಿರುಗದೆ. “ಕೂತುಕೋ. ಈಗ ಹೊರಡ್ತದೆ.”

ನಾನು ಕೂತೆ. ಬಾಗಿಲಿಗೆ ಸಿಕ್ಕಿಕೊಳ್ಳದ ಹಾಗೆ ಸೆರಗನ್ನು ಒಳಗೆ ಎಳೆದುಕೊಂಡೆ.