ಗೆಳತಿ ಹುಡುಕುವ ಡಬ್ಬಿ

ಗುರುವಾರ ಬೆಳಿಗ್ಗೆ ಹತ್ತಕ್ಕೆ ರುದ್ರಮುನಿ ತನ್ನ ಹೊಸ ಯಂತ್ರವನ್ನು ಸಂಕವ್ವನ ಪಡಸಾಲೆಗೆ ತಂದ. ಮದುಮಗನನ್ನು ಕುದುರೆಯಿಂದ ಇಳಿಸುವ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೆಳಗಿಟ್ಟ. ನೋಡಿದರೆ ಅದೊಂದು ಜೋಳದ ಹಿಟ್ಟಿನ ಡಬ್ಬಿ. ತಲೆಯ ಮೇಲೆ ಒಂದು ಕೆಂಪು ದೀಪ, ಒಂದು ಹಸಿರು ದೀಪ. ಹೊಟ್ಟೆಯೊಳಗೆ, ಯಾವುದೋ ರೈಲು ನಿಲ್ದಾಣದಲ್ಲಿ ಗಾಡಿ ಬಂತು, ಗಾಡಿ ಹೋಯಿತು ಎಂದು ಕೂಗಿ ಕೂಗಿ ಸುಸ್ತಾಗಿ ಗುಜರಿ ಸೇರಿದ್ದ ಹಳೆಯ ಯಂತ್ರ.

ರುದ್ರಮುನಿ ಹುಬ್ಬಳ್ಳಿಯಲ್ಲಿ ಮೂವತ್ತೆರಡು ವರ್ಷ ರೈಲ್ವೆ ಸಿಗ್ನಲ್ ರಿಪೇರಿ ಮಾಡಿ ನಿವೃತ್ತನಾದವನು. ಅಂದಿನಿಂದ ಗಲ್ಲಿಗೆ ನೆಮ್ಮದಿ ಇಲ್ಲ. ಅವನ ರೊಟ್ಟಿ ಬಡಿಯುವ ಯಂತ್ರ ಹಾರಿಸಿದ ಮೊದಲ ರೊಟ್ಟಿ ಇನ್ನೂ ನೆಲಕ್ಕೆ ಬಿದ್ದಿಲ್ಲ. ಅವನ ಸೊಳ್ಳೆ ಓಡಿಸುವ ಯಂತ್ರದ ಹಾಡು ಕೇಳಲು ಧಾರವಾಡದ ಸೊಳ್ಳೆಗಳು ಬಸ್ಸು ಹತ್ತಿ ಬಂದಿದ್ದವು.

"ಇದು ಹಂಗಲ್ಲಕ್ಕಾ," ಎಂದ ರುದ್ರಮುನಿ. "ಆಟದಾಗ ಕಳಕೊಂಡ ಗೆಳತಿ ಎಲ್ಲೇ ಇರ್ಲಿ, ಇದು ಹುಡುಕಿ ಕೂಗಿ ಹೇಳತೈತಿ."

"ನಿಮ್ಮ ಕನ್ನಡಕ ಎಲ್ಲೈತಿ ಅಂತ ಅದನ್ನ ಕೇಳ್ರಿ ಮೊದಲ," ಎಂದಳು ಅವನ ಹಿಂದೆಯೇ ಬಂದಿದ್ದ ಹೆಂಡತಿ ನೀಲಗಂಗಾ. "ನಾಕು ದಿನ ಆತು, ಹುಡುಕಾಕತ್ತೀರಿ."

ಸಂಕವ್ವ ನಗಲಿಲ್ಲ. ಗೋಡೆಯ ಗಡಿಯಾರ ನೋಡಿದಳು. ಇನ್ನು ಎರಡೇ ತಾಸು ಉಳಿದಿತ್ತು.

ಸಂಕವ್ವ ಮತ್ತು ಕಸ್ತೂರಿ ಮೂವತ್ತು ವರ್ಷ ಒಂದೇ ಮಣೆಯ ಮೇಲೆ ಹಪ್ಪಳ ಲಟ್ಟಿಸಿದವರು. ಕಸ್ತೂರಿ ಬರುವುದು ಯಾವಾಗಲೂ ತಡ. ಅವಳು ಬರುವಷ್ಟರಲ್ಲಿ ಹಿಟ್ಟು ಒಣಗಿ ಹೆಂಚಾಗುತ್ತಿತ್ತು. ಇಬ್ಬರೂ ಒಂದೇ ವರ್ಷ ಗಂಡಂದಿರನ್ನು ಕಳೆದುಕೊಂಡರು. ಆಮೇಲೆ ಕಸ್ತೂರಿ ಸೊಂಟ ಮುರಿದುಕೊಂಡು ಇಳಕಲ್ಲಿನ ಮಗಳ ಮನೆ ಸೇರಿದಳು. ಅಲ್ಲಿನ ಮೊಮ್ಮಗಳು ಇಬ್ಬರ ಫೋನಿಗೂ ಒಂದು ಆಟ ಹಾಕಿಕೊಟ್ಟಳು. ಒಂದು ನಡುಗಡ್ಡೆ. ಸಾವಿರಾರು ಜನ ಬರಿಗೈಯಲ್ಲಿ ಬಂದು ಬೀಳುತ್ತಾರೆ. ಕಟ್ಟಿಗೆ ಕಡಿಯಬೇಕು, ಗುಡಿಸಲು ಕಟ್ಟಬೇಕು, ತೋಳದ ಬಾಯಿಗೆ ಬೀಳದೆ ಬದುಕಬೇಕು. ನಕ್ಷೆ ಇಲ್ಲ. ಗೆಳತಿ ಯಾವ ದಂಡೆಯಲ್ಲಿದ್ದಾಳೋ ನಾವೇ ಹುಡುಕಿಕೊಳ್ಳಬೇಕು.

ಮೊದಲ ಸಲ ಒಬ್ಬರಿಗೊಬ್ಬರು ಸಿಗಲು ಹನ್ನೊಂದು ದಿನ ಹಿಡಿಯಿತು. ಒಂದು ಫೋನಿನಲ್ಲಿ ಆಟ, ಇನ್ನೊಂದು ಫೋನಿನಲ್ಲಿ ಜಗಳ.

"ಎಲ್ಲಿ ಅದೀ?"

"ಇಲ್ಲೇ, ಒಂದು ಗಿಡದ ಕೆಳಗ."

"ಎಂಥಾ ಗಿಡ?"

"ಗಿಡದಂಥಾ ಗಿಡ. ಮುಂದ ನೀರು ಐತಿ."

"ಸುತ್ತಾ ನೀರ ಐತೆಲ್ಲ, ಹುಚ್ಚಿ, ಇದು ನಡುಗಡ್ಡಿ!"

ಕೊನೆಗೆ ಸಿಕ್ಕಾಗ ನೋಡಿದರೆ, ಯಾವುದೋ ಗುಂಡಿ ಒತ್ತಿದ್ದಕ್ಕೆ ಕಸ್ತೂರಿ ಆರಡಿ ಎತ್ತರದ ಗಡ್ಡದ ಗಂಡಸಾಗಿದ್ದಳು. ಸಂಕವ್ವ ಕೆಂಪು ಕೂದಲಿನ ಪೈಲ್ವಾನಳಾಗಿದ್ದಳು. ಇಬ್ಬರೂ ತಾಸುಗಟ್ಟಲೆ ನಕ್ಕರು. ಆಮೇಲೆ ಸಂಕವ್ವ ದಂಡೆಯ ಮರದಿಂದ ಐದು ತೆಂಗಿನಕಾಯಿ ಕೆಡವಿ ಕಸ್ತೂರಿಯ ಚೀಲಕ್ಕೆ ಹಾಕಿದಳು. ಮುತ್ತೈದೆಯ ಮಡಿಲಿಗೆ ಕಾಯಿ ಹಾಕಿ ಉಡಿ ತುಂಬುವ ಹಾಗೆ. ಊರಲ್ಲಿ ಗಂಡ ಸತ್ತವರ ಉಡಿ ಯಾರೂ ತುಂಬುವುದಿಲ್ಲ. ನಡುಗಡ್ಡೆಯಲ್ಲಿ ಕೇಳುವವರು ಯಾರು? ಅಂದೇ ಇಬ್ಬರೂ ಮಾತು ಕೊಟ್ಟುಕೊಂಡರು. ಯಾರು ಮೊದಲು ಹೋದರೂ, ಮಣ್ಣಿಗಿಡುವ ಮುಂಚೆ ಉಳಿದವಳು ಬಂದು ಉಡಿ ತುಂಬಬೇಕು. ಜನ ಏನಾದರೂ ಅಂದುಕೊಳ್ಳಲಿ.

ಮೂರು ವಾರದ ಹಿಂದೆ ಒಂದು ಸಂಜೆ ಕಸ್ತೂರಿ ಫೋನು ಮಾಡಿದಳು. "ನಿನ್ನ ಗುಡಿಸಲಕ್ಕ ಬಂದೇನಿ ನೋಡು. ಆದ್ರ ಬರೇ ಗ್ವಾಡಿ ಐತಿ, ಬಾಗಲಾ ಇಲ್ಲ."

"ನಮ್ಮನಿಗೆ ಬಾಗಲಾ ಐತಿ. ಅದು ಮಂದಿ ಮನಿ. ಮುಂದ ಹೋಗು."

"ಸುಸ್ತಾಗೇತವ್ವಾ. ಇಲ್ಲೇ ಮಲಗ್ತೀನಿ. ನಾಳೆ ಹುಡುಕ್ತೀನಿ."

"ಹುಡುಕು, ಹುಡುಕು. ನಿನ್ನ ಜಲ್ಮ ಇದರಾಗ ಹೋತು," ಎಂದು ಸಂಕವ್ವ ಫೋನು ಇಟ್ಟಳು.

ಮರುದಿನ ಕಸ್ತೂರಿ ಏಳಲಿಲ್ಲ. ಸಂಕವ್ವ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಅವಳು ಇಳಕಲ್ ಮುಟ್ಟಿದಾಗ ಮಣ್ಣು ಮುಗಿದು, ಬಂದವರು ಕೈಕಾಲು ತೊಳೆಯುತ್ತಿದ್ದರು. ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಐದು ಕಾಯಿ ಹಾಗೆಯೇ ವಾಪಸು ಬಂದವು.

ಆದರೆ ಆ ಆಟದ ರೀತಿಯೇ ಬೇರೆ. ಆಡುವವರು ಫೋನು ಬಿಟ್ಟೆದ್ದರೂ ಆಟದೊಳಗಿನ ಅವರ ಆಳು ಎಲ್ಲಿತ್ತೋ ಅಲ್ಲೇ ಮಲಗಿರುತ್ತದೆ. ಅಂದರೆ ಕಸ್ತೂರಿ ಆ ನಡುಗಡ್ಡೆಯಲ್ಲಿ ಎಲ್ಲೋ ಇನ್ನೂ ಮಲಗಿದ್ದಳು. ಸಂಕವ್ವ ಮೂರು ವಾರ ಕಾಡು, ಗುಡ್ಡ, ದಂಡೆ ಒಂದೂ ಬಿಡದೆ ಸುತ್ತಿದಳು. ಏಳು ಸಲ ತೋಳಗಳಿಗೆ ಊಟವಾದಳು. ಅಷ್ಟರಲ್ಲಿ ಆಟದವರ ನೋಟೀಸು ಬಂತು. ಗುರುವಾರ ಮಧ್ಯಾಹ್ನ ಹನ್ನೆರಡಕ್ಕೆ ಹಳೆಯ ನಡುಗಡ್ಡೆಯನ್ನು ಪೂರ್ತಿ ಅಳಿಸಿ ಹೊಸದನ್ನು ಮಾಡುತ್ತೇವೆ ಎಂದು. ಅದಕ್ಕೇ ಅವಳು ರುದ್ರಮುನಿಯ ಬಾಗಿಲು ಬಡಿದಿದ್ದಳು. ಗಲ್ಲಿಯಲ್ಲಿ ಬುದ್ಧಿ ನೆಟ್ಟಗಿದ್ದವರು ಯಾರೂ ಮಾಡದ ಕೆಲಸ ಅದು.

ಸಂಕವ್ವ ಆಟ ತೆರೆದು ತನ್ನ ಗುಡಿಸಲಿನಲ್ಲಿ ನಿಂತಳು. ರುದ್ರಮುನಿ ಡಬ್ಬಿಯ ತಂತಿಯನ್ನು ಅವಳ ಫೋನಿಗೆ ಸಿಕ್ಕಿಸಿದ. "ಗುರುತು ಹೇಳಕ್ಕಾ."

"ಗಡ್ಡ ಐತಿ. ಮಲಗ್ಯಾಳ."

ಹಸಿರು ದೀಪ ಹತ್ತಿತು. ಟಿಣ್ ಟಿಣ್ ಎಂದು ಗಂಟೆ ಹೊಡೆದು, ಡಬ್ಬಿಯೊಳಗಿನ ಹೆಂಗಸು ಮೂಗಿನಿಂದ ಮಾತಾಡಿದಳು. "ಪ್ರಯಾಣಿಕರ ಗಮನಕ್ಕೆ. ನಿಮ್ಮ ಗೆಳತಿ ಹತ್ತು ಹೆಜ್ಜೆ ದೂರದಲ್ಲಿ ತಂಗಿದ್ದಾರೆ."

ಸಂಕವ್ವ ದಡಕ್ಕನೆ ಎದ್ದು ಬಾಗಿಲು ದಾಟಿ ಎಣಿಸುತ್ತ ಹೋದಳು. ಎಂಟು, ಒಂಬತ್ತು, ಹತ್ತು. ಕಟ್ಟೆಯ ಮೇಲೆ ಗುರುಸಿದ್ದಪ್ಪ ಮಾಸ್ತರು ಗಡ್ಡ ಎದೆಗೆ ಆನಿಸಿ ಮಲಗಿದ್ದರು. ಅವರ ಗೊರಕೆಗೆ ಎದುರು ಮನೆಯ ಹಂಚು ಸರಿಯುತ್ತಿತ್ತು.

"ಗಡ್ಡ ಖರೇನ," ಎಂದಳು ಸಂಕವ್ವ. "ಆದ್ರ ಕಸ್ತೂರಿ ಇಷ್ಟು ಕೆಟ್ಟಾಗಿ ಗೊರಕಿ ಹೊಡೀತಿರಲಿಲ್ಲ."

"ಡಬ್ಬಿ ಒಲಿ ಮ್ಯಾಲ ಇಡ್ರಿ, ಹಿಟ್ಟರ ಹುರಿದೀತು," ಎಂದಳು ನೀಲಗಂಗಾ.

ಮುಖ ಸಣ್ಣಗಾದ ರುದ್ರಮುನಿ ಡಬ್ಬಿ ಬಿಚ್ಚಿ, ತಿರುವಿ, ಮುಚ್ಚುವಷ್ಟರಲ್ಲಿ ಹನ್ನೊಂದು ದಾಟಿತ್ತು. "ಗಡ್ಡ ಬ್ಯಾಡಕ್ಕಾ. ಇನ್ನೊಬ್ಬರ ಹತ್ತಿರ ಇರದಂಥಾ ಗುರುತು ಹೇಳು."

"ನಾ ಕೊಟ್ಟ ತೆಂಗಿನಕಾಯಿ ಅಕಿ ಚೀಲದಾಗ ಅದಾವು."

ರುದ್ರಮುನಿ ಅದನ್ನೇ ಒತ್ತಿದ. ಈ ಸಲ ಎರಡೂ ದೀಪ ಒಟ್ಟಿಗೆ ಹತ್ತಿದವು. "ಪ್ರಯಾಣಿಕರ ಗಮನಕ್ಕೆ. ನಿಮ್ಮ ಇನ್ನೂರ ಹನ್ನೆರಡು ಗೆಳತಿಯರು ಸಿಕ್ಕಿದ್ದಾರೆ. ಎಲ್ಲರೂ ಕೂಡಲೇ ಸಂಕವ್ವನವರ ಗುಡಿಸಲಿಗೆ ಬರತಕ್ಕದ್ದು."

"ಇನ್ನೂರ ಹನ್ನೆರಡ?" ರುದ್ರಮುನಿ ಸಂಕವ್ವನನ್ನು ನೋಡಿದ. "ಎಷ್ಟು ಮಂದಿಗೆ ಕಾಯಿ ಕೊಟ್ಟೀಯಕ್ಕಾ?"

"ಮನಿ ಬಾಗಲಕ್ಕ ಬಂದವರನ್ನ ಬರಿಗೈಲೆ ಕಳಸೂದು ಹ್ಯಾಂಗೋ, ತಮ್ಮಾ?"

ಕೊಡಲಿ ಹಿಡಿದು ಕೊಲ್ಲಲು ಬಂದವನಿಗೂ ಅವಳು ಒಂದು ಕಾಯಿ ಕೊಟ್ಟು ಕಳಿಸಿದ್ದಳು. ಈಗ ಅವರೆಲ್ಲರ ಫೋನಿನಲ್ಲೂ ಡಬ್ಬಿಯ ಹೆಂಗಸು ಕೂಗಿದ್ದಳು. ನೋಡುನೋಡುತ್ತ ಫೋನಿನ ತೆರೆಯ ಮೇಲೆ ಕಾಡೆಲ್ಲ ಅಲುಗಿತು. ಬಂದೂಕು, ಬಿಲ್ಲು, ಬಾಣಲೆ ಹಿಡಿದವರು ನಾಲ್ಕೂ ಕಡೆಯಿಂದ ನುಗ್ಗಿ ಬಂದರು. ಒಬ್ಬರನ್ನೊಬ್ಬರು ಕಂಡು ಯುದ್ಧವೇ ಎಂದುಕೊಂಡು ಬಡಿದಾಡತೊಡಗಿದರು. ಯಾರೋ ಉರಿಯುವ ಬಾಟಲಿ ಎಸೆದ. ಸಂಕವ್ವನ ಗುಡಿಸಲು ಹೊತ್ತಿಕೊಂಡಿತು.

"ನಿಲ್ಲಸ್ರೋ ಭಾಡ್ಯಾಗೋಳ!" ಎಂದು ಸಂಕವ್ವ ಫೋನಿಗೆ ಬಾಯಿಟ್ಟು ಕೂಗಿದಳು. ಇನ್ನೂರ ಹನ್ನೆರಡು ಆಯುಧಗಳು ಹಾಗೆಯೇ ನಿಂತವು.

"ತೆಂಗಿನಕಾಯಿ ಅಜ್ಜಿ, ನಮ್ಮನ್ಯಾಕೆ ಕರ್ಸಿದ್ದು?" ಎಂದ ಒಬ್ಬ. ತುಮಕೂರು ಕಡೆಯ ಲಾರಿ ಡ್ರೈವರ್ ಅವನು. ಲಾರಿ ಢಾಬಾದ ಮುಂದೆ ನಿಲ್ಲಿಸಿ ಆಡುತ್ತಿದ್ದ.

ಸಂಕವ್ವ ಹೇಳಿದಳು. ಬಸ್ಸು ಕೆಟ್ಟಿದ್ದು, ಕಾಯಿ ವಾಪಸು ಬಂದಿದ್ದು, ಫೋನು ಇಟ್ಟಿದ್ದು, ಎಲ್ಲ ಹೇಳಿದಳು. ಫೋನಿನೊಳಗೆ ಗುಡಿಸಲು ಚಟಪಟ ಉರಿಯುತ್ತಲೇ ಇತ್ತು. ಹಿಂದಿನ ಗೋಡೆ ಸುಟ್ಟು ಧೊಪ್ಪನೆ ಬಿತ್ತು.

"ಅಜ್ಜಿ," ಎಂದ ಡ್ರೈವರ್ ಮೆಲ್ಲಗೆ. "ಆ ಗೋಡೆ ಹಿಂದೆ ಮುಳ್ಳುಕಂಟಿ ಹತ್ರ ಯಾರೋ ಮಲಗವ್ರೆ. ಗಡ್ಡ ಐತೆ."

ಸಂಕವ್ವನ ಗುಡಿಸಲಿಗೆ ಬಾಗಿಲು ಒಂದೇ, ಮುಂದೆ. ಹಿಂದೆ ಮುಳ್ಳು. ಆ ಕಡೆ ಅವಳು ಒಂದು ದಿನವೂ ಹೋದವಳಲ್ಲ. ಕಳೆದುಹೋದವರನ್ನು ತನ್ನ ಮನೆಯ ಹಿತ್ತಲಲ್ಲಿ ಯಾರು ಹುಡುಕುತ್ತಾರೆ?

"ಹತ್ತು ಹೆಜ್ಜಿ," ಎಂದ ರುದ್ರಮುನಿ. ಅವನ ಯಂತ್ರ ಸರಿಯಾಗಿ ಕೆಲಸ ಮಾಡಿದ್ದು ಜೀವಮಾನದಲ್ಲಿ ಅದೇ ಮೊದಲು. ಆದರೂ ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

"ಗ್ವಾಡಿ ಐತಿ, ಬಾಗಲಾ ಇಲ್ಲ ಅಂದಳು," ಎಂದಳು ಸಂಕವ್ವ. "ಹಿಂದಿಂದ ಬಂದಾಳ, ಪ್ಯಾಲಿ. ನಾ ಮುಂದ ಹೋಗು ಅಂದೆ."

ನೀಲಗಂಗಾ ಅವಳ ಪಕ್ಕ ಕುಳಿತು ಬೆನ್ನ ಮೇಲೆ ಕೈಯಿಟ್ಟಳು.

ಹನ್ನೆರಡಕ್ಕೆ ಏಳು ನಿಮಿಷವಿತ್ತು. ಸಂಕವ್ವನ ಚೀಲದಲ್ಲಿ ಕಾಯಿ ಇರಲಿಲ್ಲ. ಗುಡಿಸಲಿನಲ್ಲಿ ಕೂಡಿಟ್ಟವೆಲ್ಲ ಬೆಂಕಿಯಲ್ಲಿ ಹೋಗಿದ್ದವು. ಲಾರಿ ಡ್ರೈವರ್ ತನ್ನ ಕಾಯಿ ತೆಗೆದು ಅವಳ ಮುಂದಿಟ್ಟ. ಅವನ ಹಿಂದಿದ್ದವನೂ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಬಂದೂಕು ಹೆಗಲಿಗೇರಿಸಿ ಸಾಲು ಹಚ್ಚಿ ನಿಂತರು. ಸಂಕವ್ವ ಗಡ್ಡದ ಕಸ್ತೂರಿಯ ಚೀಲಕ್ಕೆ ಕಾಯಿ ಹಾಕುತ್ತಲೇ ಹೋದಳು. ಹಿಂದೆ ಕೊಟ್ಟ ಐದೂ ಅಲ್ಲೇ ಇದ್ದವು. ಹಸಿದು ಸುಸ್ತಾಗಿದ್ದರೂ ಕಸ್ತೂರಿ ಒಂದನ್ನೂ ತಿಂದಿರಲಿಲ್ಲ.

"ತಿನಬಾರದೇನ, ಹುಚ್ಚಿ," ಎಂದಳು ಸಂಕವ್ವ. "ಇಟಗೊಂಡು ಏನ್ ಮಾಡಾಕಿದ್ದಿ?"

ಕೊನೆಯ ಕಾಯಿ ಹಾಕಿ ಮುಖ ನೋಡಿದಳು. ನೋಡುತ್ತಿರುವಾಗಲೇ ಹನ್ನೆರಡಾಯಿತು. ಮುಳ್ಳುಕಂಟಿ ಬಿಳಿಯಾಯಿತು, ಸಾಲಿನಲ್ಲಿ ನಿಂತ ಜನ ಬಿಳಿಯಾದರು, ಗಡ್ಡವೂ ಬಿಳಿಯಾಯಿತು. ಆಮೇಲೆ ಏನೂ ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಹೊಸ ನಡುಗಡ್ಡೆ ಬಂತು. ಸಂಕವ್ವ ಮೂಗು ಒರೆಸಿಕೊಂಡು ಕಟ್ಟಿಗೆ ಕಡಿದು ಹೊಸ ಗುಡಿಸಲು ಕಟ್ಟಲು ಶುರು ಮಾಡಿದಳು.

"ಏನ್ ಕಟ್ಟಾಕತ್ತೀ ಅಕ್ಕಾ? ನಾಕೂ ಕಡೆ ಬಾಗಲಾ ಆತು, ಗ್ವಾಡಿ ಎಲ್ಲೈತಿ?" ಎಂದ ರುದ್ರಮುನಿ.

"ಗ್ವಾಡಿ ಬ್ಯಾಡ ನನಗ."

ಆಗ ಡಬ್ಬಿಯ ಕೆಂಪು ದೀಪ ಹತ್ತಿತು. ಟಿಣ್ ಟಿಣ್. "ಪ್ರಯಾಣಿಕರ ಗಮನಕ್ಕೆ. ಕಸ್ತೂರಿಯವರು ಅನಿರ್ದಿಷ್ಟ ಕಾಲ ತಡವಾಗಿ ಬರಲಿದ್ದಾರೆ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ರುದ್ರಮುನಿ ಗಾಬರಿಯಾಗಿ ತಂತಿ ಕಿತ್ತ. ಹತ್ತು ನಿಮಿಷ ಬಿಟ್ಟು ಅದು ಮತ್ತೆ ಅದನ್ನೇ ಹೇಳಿತು. ದೀಪ ಕಿತ್ತ, ಆಗಲೂ ಹೇಳಿತು. ಸಂಜೆ ಲಾರಿ ಡ್ರೈವರ್ ಫೋನಿನಲ್ಲಿ ತಿಳಿಸಿದ ಪ್ರಕಾರ ಅವನ ಲಾರಿಯಲ್ಲೂ ಹತ್ತು ನಿಮಿಷಕ್ಕೊಮ್ಮೆ ಅದೇ ಕೂಗು. ಕಾಯಿ ಇಸಿದುಕೊಂಡ ಇನ್ನೂರ ಹನ್ನೆರಡು ಜನರ ಫೋನಿನಲ್ಲೂ ಹಾಗೆಯೇ. ಬ್ಯಾಂಕಿನಲ್ಲಿ, ಬಸ್ಸಿನಲ್ಲಿ, ಮದುವೆಯ ಊಟದ ಪಂಕ್ತಿಯಲ್ಲಿ, ಅರ್ಧ ರಾಜ್ಯವೇ ಕಸ್ತೂರಿಗಾಗಿ ಕಾಯುತ್ತಿತ್ತು.

ರುದ್ರಮುನಿ ಸುತ್ತಿಗೆ ತಂದ. "ತಪ್ಪಾತಕ್ಕಾ. ಒಡೆದು ಹಾಕ್ತೀನಿ."

"ಬಿಡು, ಒದರ್ಲಿ," ಎಂದಳು ಸಂಕವ್ವ, ಡಬ್ಬಿಯನ್ನು ಹಪ್ಪಳದ ಮಣೆಯ ಪಕ್ಕಕ್ಕೆ ಸರಿಸಿಕೊಂಡು. "ಅಕಿ ಯಾವತ್ತರ ಹೊತ್ತಿಗೆ ಸರಿಯಾಗಿ ಬಂದಾಳೇನು?"