ಇಲ್ಲದ ಅಪೆಂಡಿಕ್ಸಿನ ನೋವು

ನನ್ನ ಹೊಟ್ಟೆಯೊಳಗೆ ಏನಿದೆ, ಏನಿಲ್ಲ ಎಂದು ಹೇಳುವ ಅಧಿಕಾರ ನನಗಿಲ್ಲ. ಆ ಅಧಿಕಾರ ಇರುವುದು ಅಬುಧಾಬಿಯ ಒಂದು ಆಸ್ಪತ್ರೆಯ ಫೈಲಿಗೆ. ನಾನು ಬಯೂಮಿ, ಈಜಿಪ್ಟಿನ ಝಗಾಝೀಗ್ ಊರಿನವನು. ಇಪ್ಪತ್ತೊಂದು ವರ್ಷದಿಂದ ಇಲ್ಲಿ ಏಸಿ ರಿಪೇರಿ ಕಂಪನಿಯೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದೇನೆ. ಅಲ್ಲಿ ಒಂದು ಬೋಲ್ಟು ಕಾಣೆಯಾದರೂ ನನಗೆ ಗೊತ್ತಾಗುತ್ತದೆ. ಆದರೆ ನನ್ನ ಸ್ವಂತ ದೇಹದಿಂದಲೇ ಒಂದು ಅಂಗ ಕಾಣೆಯಾಗಿ ಎರಡು ವರ್ಷವಾಯಿತು, ಅದು ನನಗೆ ಗೊತ್ತೇ ಆಗಿಲ್ಲ ಎಂದು ಆ ಫೈಲಿನ ವಾದ.

ಇದಕ್ಕೆಲ್ಲ ಮೂಲ ನನ್ನ ಉದಾರ ಬುದ್ಧಿ. (ನನ್ನ ಹೆಂಡತಿ ಸೊಹೈರ್ ಪ್ರಕಾರ ಉದಾರತನ ಅವಳ ತವರಿನದು, ಬುದ್ಧಿ ಮಾತ್ರ ನಮ್ಮ ಮನೆಯಲ್ಲಿ ಯಾರದೂ ಅಲ್ಲ.) ಎರಡು ವರ್ಷದ ಹಿಂದೆ ಅವಳ ತಮ್ಮ ಶಹಾತಾ ಕೆಲಸ ಹುಡುಕಿಕೊಂಡು ವಿಸಿಟ್ ವೀಸಾದಲ್ಲಿ ಬಂದು ನಮ್ಮ ಸೋಫಾದ ಮೇಲೆ ಇಳಿದ. ಮೂರನೆಯ ವಾರ ಅದೇ ಸೋಫಾದ ಮೇಲೆ ಹೊಟ್ಟೆ ಹಿಡಿದುಕೊಂಡು ಹೊರಳಾಡಿದ. ಅಪೆಂಡಿಕ್ಸ್! ವಿಸಿಟ್ ವೀಸಾದವನಿಗೆ ಆರೋಗ್ಯ ವಿಮೆ ಎಲ್ಲಿಂದ ಬರಬೇಕು?

"ನಿನ್ನ ಕಾರ್ಡು ಕೊಡು," ಎಂದಳು ಸೊಹೈರ್.

"ಅದರಲ್ಲಿ ನನ್ನ ಹೆಸರಿದೆ ಕಣೇ."

"ಹೆಸರು ತಾನೇ? ಎರಡು ದಿನ ಕೊಟ್ರೆ ಸವೆದುಹೋಗುತ್ತಾ?"

ನಮ್ಮ ವಿಮೆ ಕಾರ್ಡುಗಳಿಗೆ ಫೋಟೋ ಇರುವುದಿಲ್ಲ. ಒಬ್ಬರ ಕಾರ್ಡಿನಲ್ಲಿ ಇನ್ನೊಬ್ಬರು ಹಲ್ಲು ಕೀಳಿಸಿಕೊಳ್ಳುವುದು ನಮ್ಮ ಬಿಲ್ಡಿಂಗಿನಲ್ಲಿ ಸಕ್ಕರೆ ಕಡ ಕೊಟ್ಟಷ್ಟೇ ಸಹಜ. ನನಗೂ ಶಹಾತಾನಿಗೂ ಒಂದೇ ನಮೂನೆಯ ಬೋಳುತಲೆ, ಒಂದೇ ನಮೂನೆಯ ಮೀಸೆ. ರಿಸೆಪ್ಷನ್ನಿನಲ್ಲಿದ್ದವಳು ತಲೆ ಎತ್ತಿ ಸಹ ನೋಡಲಿಲ್ಲ. ಅವನು ಬಯೂಮಿಯಾಗಿ ಒಳಗೆ ಹೋದ, ಅಪೆಂಡಿಕ್ಸ್ ಇಲ್ಲದ ಬಯೂಮಿಯಾಗಿ ಹೊರಗೆ ಬಂದ.

ಹೆಸರನ್ನು ಮಾತ್ರ ಬೇಗ ವಾಪಸು ಕೊಡಲಿಲ್ಲ. ಕೆಲಸ ಸಿಗುವವರೆಗೂ ಸಕ್ಕರೆ ಕಾಯಿಲೆ ತೋರಿಸಿದ್ದು, ಕನ್ನಡಕ ಬರೆಸಿದ್ದು, ಎಡಗಿವಿ ಮಂದವೆಂದು ಪರೀಕ್ಷೆ ಮಾಡಿಸಿದ್ದು ಎಲ್ಲ ನನ್ನ ಕಾರ್ಡಿನಲ್ಲೇ. ಆಮೇಲೆ ಅವನಿಗೆ ಊರಾಚೆಯ ಕಾರ್ಖಾನೆಗಳ ಬಡಾವಣೆ ಮುಸಫ್ಫಾದಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಲಸ ಸಿಕ್ಕಿತು, ಸ್ವಂತ ಕಾರ್ಡೂ ಬಂತು. ಕೆಲಸಕ್ಕೆ ಸೇರುವ ಮುಂಚಿನ ತಪಾಸಣೆಯಲ್ಲಿ ಸಕ್ಕರೆ ಇಲ್ಲ, ಕಣ್ಣು ಚೊಕ್ಕಟ, ಎರಡು ಕಿವಿಯೂ ಚುರುಕು. ತನ್ನ ರೋಗಗಳನ್ನೆಲ್ಲ ನನ್ನ ಫೈಲಿನಲ್ಲಿ ಇಳಿಸಿ ಹಗುರಾಗಿ ನಡೆದುಹೋದ ಎಂದು ನಾನು ತಮಾಷೆ ಮಾಡಿದೆ.

ತಮಾಷೆ ಹೆಚ್ಚು ದಿನ ಉಳಿಯಲಿಲ್ಲ. ತಿಂಗಳಿಗೊಮ್ಮೆ ಆಸ್ಪತ್ರೆಯಿಂದ ಒಬ್ಬ ಹೆಂಗಸು ಫೋನ್ ಮಾಡತೊಡಗಿದಳು. ತುಂಬ ಮೆತ್ತನೆಯ ದನಿ. "ಬಯೂಮಿ ಅವರೇ, ನಿಮ್ಮ ಸಕ್ಕರೆ ಹೇಗಿದೆ?" ಅನ್ನುವಳು. ಅದೇನು ವಿಚಿತ್ರವೋ, ನಾನು ಚಹಾಕ್ಕೆ ಮೂರನೆಯ ಚಮಚ ಸಕ್ಕರೆ ಹಾಕುತ್ತಿರುವಾಗಲೇ ಅವಳ ಫೋನು. ಇನ್ನೊಮ್ಮೆ, "ನಿಮ್ಮ ಎಡಗಿವಿ ಈಗ ಹೇಗೆ?" ಎಂದಳು. ನಾನು ಗಾಬರಿಯಲ್ಲಿ ಫೋನನ್ನು ಬಲಗಿವಿಗೆ ಬದಲಿಸಿದೆ. ಅಂದಿನಿಂದ ಎಡಗಿವಿಯಲ್ಲಿ ನನಗೆ ಸರಿಯಾಗಿ ಕೇಳಿಸುವುದಿಲ್ಲ. ಆರು ತಿಂಗಳಲ್ಲಿ ಕನ್ನಡಕವೂ ಬಂತು. ಶಹಾತಾ ಬರೆಸಿಕೊಂಡಿದ್ದ ಕನ್ನಡಕವನ್ನು ಸುಮ್ಮನೆ ಹಾಕಿ ನೋಡಿದರೆ ಅಕ್ಷರಗಳೆಲ್ಲ ಸ್ಪಷ್ಟ! ಅಲ್ಲಿ ಕಪಾಟಿನಲ್ಲಿ ಕುಳಿತ ಕಾಗದದ ಬಯೂಮಿ ಇಲ್ಲಿ ನಡೆದಾಡುವ ಬಯೂಮಿಯನ್ನು ತನ್ನ ಅಳತೆಗೆ ಕತ್ತರಿಸಿಕೊಳ್ಳುತ್ತಿದ್ದಾನೆ ಎಂದು ನನಗೆ ಆಗಾಗ ಅನ್ನಿಸುತ್ತಿತ್ತು. ಸೊಹೈರ್‌ಗೆ ಹೇಳಿದರೆ, "ನಿಂಗೆ ವಯಸ್ಸಾಯ್ತು ಅಂತ ಒಪ್ಕೊಳ್ಳೋಕೆ ಎಷ್ಟು ದೊಡ್ಡ ಕತೆ ಕಟ್ತೀಯ," ಎಂದಳು.

ಹೀಗಿರುವಾಗ ಈ ವರ್ಷದ ವಸಂತದ ಹಬ್ಬ ಬಂತು. ನಮ್ಮಲ್ಲಿ ಆ ದಿನ ತಿಂಗಳುಗಟ್ಟಲೆ ಉಪ್ಪಿನಲ್ಲಿ ಕೊಳೆಸಿದ ಮೀನು, ಫಸೀಖ್, ತಿನ್ನದಿದ್ದರೆ ಹಬ್ಬವೇ ಅಲ್ಲ. ಅತ್ತೆಯವರು ಏಳು ಸುತ್ತು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕಳಿಸಿದ್ದರು. ಮರುದಿನ ಬೆಳಿಗ್ಗೆ ನನಗೆ ಹೊಟ್ಟೆನೋವು.

"ನಿಮ್ಮಮ್ಮನ ಮೀನು," ಎಂದೆ.

"ನಮ್ಮಮ್ಮನ ಮೀನು ತಿಂದು ಇಡೀ ಝಗಾಝೀಗ್ ಬದುಕಿದೆ. ಇದು ಕಣ್ಣು ಬಿದ್ದಿರೋದು. ಮೇಲಿನ ಮನೆ ಉಮ್ಮ್ ಹೈಥಮ್ ನಿನ್ನೆ ನಿನ್ನ ತಟ್ಟೇನೇ ನೋಡ್ತಿದ್ಲು."

ಕತ್ತರಿ, ಕಾಗದ, ಸೂಜಿ ಬಂದವು. ಸೊಹೈರ್ ಮನುಷ್ಯಾಕೃತಿ ಕತ್ತರಿಸಿ (ನನ್ನ ಹೊಟ್ಟೆಯನ್ನು ಅವಳು ಅಷ್ಟು ದೊಡ್ಡದಾಗಿ ಕತ್ತರಿಸಬೇಕಾಗಿರಲಿಲ್ಲ) ಸೂಜಿಯಿಂದ ಚುಚ್ಚತೊಡಗಿದಳು. "ಇದು ಉಮ್ಮ್ ಹೈಥಮ್ ಕಣ್ಣಿಗೆ, ಇದು ಅವಳ ಗಂಡನ ಕಣ್ಣಿಗೆ, ಇದು ನೋಡಿಯೂ ದೇವರ ಹೆಸರು ಹೇಳದೆ ಹೋದ ಎಲ್ಲರ ಕಣ್ಣಿಗೆ!" ಗೊಂಬೆಯನ್ನು ಧೂಪದ ಕೆಂಡಕ್ಕೆ ಹಾಕಿದಳು. ಕಾಗದ ಸುರುಟಿ ಕಪ್ಪಾಯಿತು. ಬಲಗಡೆ ಸೊಂಟದ ಮೇಲೆ ಕಾಳಿನಷ್ಟು ಜಾಗ ಮಾತ್ರ ಬೆಳ್ಳಗೆ ಉಳಿಯಿತು. ಊದಿದಳು, ಕೆದಕಿದಳು. ಅದು ಸುಡಲಿಲ್ಲ. ಸರಿಯಾಗಿ ಆ ಹೊತ್ತಿಗೇ ನನ್ನ ನೋವು ಹೊಕ್ಕುಳದಿಂದ ಇಳಿದು ಬಲಗಡೆಗೆ ಬಂದು ನೆಲೆಸಿತು.

ಇಬ್ಬರೂ ಚಪ್ಪಲಿ ಮೆಟ್ಟಿಕೊಂಡೆವು.

ಆಸ್ಪತ್ರೆಯಲ್ಲಿ ಸಿಕ್ಕವರು ಸಿರಿಯಾದ ಸರ್ಜನ್ ಹಿಕ್ಮತ್. ಅವರು ಕಂಪ್ಯೂಟರ್ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಂಪ್ಯೂಟರ್ ನೋಡಿ ಅದರ ಕಡೆಗೇ ಮುಗುಳ್ನಕ್ಕರು.

"ಎಲ್ಲಿ ನೋವು ಉಸ್ತಾದ್ ಬಯೂಮಿ?"

"ಇಲ್ಲಿ ಡಾಕ್ಟ್ರೇ. ಬಲಗಡೆ, ಕೆಳಗೆ."

"ಅಲ್ಲಿ ನೋಯೋಕೆ ಏನೂ ಇಲ್ವಲ್ಲ. ನಾನೇ ತೆಗೆದಿದ್ದೀನಿ."

"ಅಲ್ಲ, ಮಾತಿಗೆ ಹೇಳ್ತೀನಿ... ಅವತ್ತು ನೀವು ತೆಗೆದದ್ದು ನಂದು ಅಲ್ದೇ ಇದ್ರೆ?"

ಸೊಹೈರ್ ನನ್ನ ಮೊಣಕೈಯ ಚರ್ಮವನ್ನು ಹಿಡಿದು ತಿರುಚಿದಳು.

ಡಾಕ್ಟರು ನಕ್ಕರು. "ನಾನು ಮುಖ ಮರೆಯೋನಲ್ಲ. ಮಂಪರಲ್ಲಿ ನೀವು ಚಿಕ್ಕ ಮಗು ಥರ ಅತ್ರಿ. 'ನನ್ನ ಹೆಸರು ನಂಗೆ ವಾಪಸ್ ಕೊಡಿ' ಅಂತ ಬೇಡ್ಕೊಂಡ್ರಿ. ಹದಿನೆಂಟು ವರ್ಷದ ಸರ್ವಿಸಲ್ಲಿ ಯಾರೂ ಹಾಗಂದಿಲ್ಲ."

ನನ್ನ ಅಂಗಿ ಮೇಲೆತ್ತಿದರು. ಗಾಯದ ಗುರುತು ಕಾಣದೆ ಇನ್ನು ಗುಟ್ಟು ರಟ್ಟಾಗುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅರ್ಧ ಭಯ, ಅರ್ಧ ಆಸೆ. ಆದರೆ ಆ ಮಹಾನುಭಾವರು ಪಕ್ಕದ ಕೋಣೆಯಿಂದ ಇಬ್ಬರು ತರಬೇತಿಯ ಡಾಕ್ಟರುಗಳನ್ನು ಕೂಗಿ ಕರೆದರು.

"ನೋಡ್ರಪ್ಪಾ! ಎರಡೇ ವರ್ಷ. ಗೆರೆಯಾದ್ರೂ ಕಾಣುತ್ತಾ? ಕೈಕೆಲಸ ಅಂದ್ರೆ ಇದು!"

ಇಬ್ಬರೂ ಬಗ್ಗಿ ನನ್ನ ನುಣ್ಣನೆಯ ಹೊಟ್ಟೆಯನ್ನು ಭಕ್ತಿಯಿಂದ ನೋಡಿದರು. ಒಬ್ಬ ಬೆರಳು ಆಡಿಸಿ, "ಇಲ್ಲಿ ಸಣ್ಣಗೆ ಕೈಗೆ ಸಿಗುತ್ತೆ ಸರ್," ಎಂದ. ನಾನೂ ಅಲ್ಲಿ ಬೆರಳಿಟ್ಟೆ. ದೇವರಾಣೆ, ಸಿಕ್ಕಿತು. ದಾರದಷ್ಟು ತೆಳ್ಳಗಿನ ಒಂದು ಗೆರೆ. ಅವತ್ತು ಆ ಮೇಜಿನ ಮೇಲೆ ಮಲಗಿದ್ದವನು ಯಾರು ಎಂಬುದೇ ಒಂದು ಗಳಿಗೆ ನನಗೆ ನೆನಪಾಗಲಿಲ್ಲ.

"ಯುದ್ಧದಲ್ಲಿ ಕಾಲು ಕಳ್ಕೊಂಡೋರಿಗೆ ಆ ಕಾಲೇ ತುರಿಸುತ್ತೆ. ನಿಮಗೂ ಹಾಗೇ, ಇಲ್ಲದ ಅಂಗದ ನೋವು. ಜೊತೆಗೆ ಗ್ಯಾಸು," ಎಂದು ಡಾಕ್ಟರು ಮಾತ್ರೆ ಬರೆದರು.

ಮನೆಗೆ ಬರುವಷ್ಟರಲ್ಲಿ ಜ್ವರ ಏರಿತ್ತು. ಇಲ್ಲದ ಅಂಗ ಬಡಿದುಕೊಳ್ಳುತ್ತಿತ್ತು. ಅದು ಒಳಗೆ ಒಡೆದರೆ ನಾನು ಸಾಯುತ್ತೇನೆ. ಫೈಲಿನ ಪ್ರಕಾರ ಏನಾಗಿ ಸತ್ತೆ ಎಂಬುದು ಸಹ ಯಾರಿಗೂ ತಿಳಿಯುವುದಿಲ್ಲ. ನನಗೆ ನಿಜವಾಗಿ ಭಯವಾಯಿತು.

"ಹೋಗಿ ನಿಜ ಹೇಳಿಬಿಡೋಣ," ಎಂದೆ.

"ಹೇಳು. ನಿನ್ನ ಕೆಲಸ ಹೋಗುತ್ತೆ, ವೀಸಾ ಹೋಗುತ್ತೆ, ಶಹಾತಾನೂ ನಿನ್ನ ಜೊತೆ ಜೈಲಿಗೆ ಹೋಗ್ತಾನೆ. ರಿಹಾಮ್‌ಗೆ ಮುಂದಿನ ತಿಂಗಳು ಪರೀಕ್ಷೆ. ಮಗಳ ಮುಖ ನೋಡು."

"ಹೇಳದಿದ್ರೆ ನಾನೇ ಹೋಗ್ತೀನಲ್ಲೇ!"

"ನೀನು ಹೋಗ್ಬೇಡ ಅಬೂ ರಿಹಾಮ್, ಒಂದ್ನಿಮಿಷ ಇರು, ಯೋಚನೆ ಮಾಡ್ತಿದ್ದೀನಿ," ಎಂದಳು. ಬಾಗಿಲಲ್ಲಿ ನಿಂತ ಟ್ಯಾಕ್ಸಿಯವನಿಗೆ ಹೇಳಿದ ಹಾಗಿತ್ತು. ಆದರೆ ಅಬೂ ರಿಹಾಮ್, ರಿಹಾಮಳ ಅಪ್ಪ, ಎಂದು ಅವಳು ನನ್ನನ್ನು ಕರೆಯುವುದು ಗಾಬರಿಯಾದಾಗ ಮಾತ್ರ.

ಆಗ ಉಗ್ರಾಣದವನ ಬುದ್ಧಿ ಕೆಲಸ ಮಾಡಿತು. ಒಂದು ಕಪಾಟಿನಲ್ಲಿ ಕಡಿಮೆ ಬಿದ್ದ ವಸ್ತು ಇನ್ನೊಂದರಲ್ಲಿ ಹೆಚ್ಚಾಗಿ ಇರಲೇಬೇಕು. ನನ್ನ ಫೈಲಿನಲ್ಲಿ ಅಪೆಂಡಿಕ್ಸ್ ಇಲ್ಲ, ದೇಹದಲ್ಲಿದೆ. ಶಹಾತಾನ ದೇಹದಲ್ಲಿಲ್ಲ, ಫೈಲಿನಲ್ಲಿದೆ! "ಶಹಾತಾಗೆ ಫೋನ್ ಮಾಡು. ಅವನ ಕಾರ್ಡು ತರೋಕೆ ಹೇಳು," ಎಂದೆ. ಸೊಹೈರ್ ನನ್ನನ್ನು ಮದುವೆಯ ದಿನವೂ ಅಷ್ಟು ಮೆಚ್ಚುಗೆಯಿಂದ ನೋಡಿರಲಿಲ್ಲ.

ಮಧ್ಯಾಹ್ನ ಮುಸಫ್ಫಾದ ಬೇರೊಂದು ಆಸ್ಪತ್ರೆಗೆ ನಾನು ಶಹಾತಾ ಆಗಿ ಒಳಗೆ ಹೋದೆ. ಅಲ್ಲಿ ಎಲ್ಲ ಸಲೀಸು. ಫೈಲು ಒಪ್ಪಿತು, ಆದ್ದರಿಂದ ಡಾಕ್ಟರುಗಳೂ ಒಪ್ಪಿದರು. ಮೇಜಿನ ಮೇಲೆ ಮಲಗಿಸಿ ಕೈಗೆ ಸೂಜಿ ಚುಚ್ಚಿದರು. ಬಿಳಿ ದೀಪದ ಕೆಳಗೆ ಮುಖಗವಸು ತೊಟ್ಟ ಸರ್ಜನ್ ನನ್ನ ಮೇಲೆ ಬಾಗಿದರು. ಗವಸಿನ ಮೇಲಿನ ಆ ಎರಡು ಕಣ್ಣನ್ನು ನಾನು ಬೆಳಿಗ್ಗೆಯಷ್ಟೇ ನೋಡಿದ್ದೆ. ಅವರು ಎರಡು ಆಸ್ಪತ್ರೆಗಳಲ್ಲಿ ಕೆಲಸ ಮಾಡುತ್ತಾರೆಂದು ಯಾರು ಹೇಳಿದ್ದರು ನನಗೆ?

"ಹತ್ತರಿಂದ ಹಿಂದಕ್ಕೆ ಎಣಿಸಿ," ಎಂದರು. ನಾನು ಎಣಿಸಿದೆ. ಏಳಕ್ಕೆ ಬಂದಾಗ ನನ್ನ ಎಡಗಿವಿಗೆ ಬಾಯಿಟ್ಟು ಮೆಲ್ಲಗೆ, "ನಿದ್ದೆ ಮಾಡಿ ಬಯೂಮಿ," ಎಂದರು. ಕೇಳಿಸದ ಆ ಕಿವಿಯಲ್ಲಿ ಅದೊಂದು ಮಾತು ಚೆನ್ನಾಗಿ ಕೇಳಿಸಿತು. ಅವರು ಅಂದರೋ, ಔಷಧಿ ಅಂದಿತೋ, ಇವತ್ತಿಗೂ ಗೊತ್ತಿಲ್ಲ. ಎದ್ದಾಗ ನಾನು ಬದುಕಿದ್ದೆ, ಹೊಟ್ಟೆಯ ಮೇಲೆ ಐದು ಹೊಲಿಗೆ ಇತ್ತು, ಯಾರೂ ಏನೂ ಕೇಳಲಿಲ್ಲ.

ಗೆದ್ದೆ ಎಂದುಕೊಂಡೆ. ನನ್ನ ಬುದ್ಧಿವಂತಿಕೆಯ ಫಲ ಶನಿವಾರ ತಿಳಿಯಿತು. ಆಪರೇಷನ್ ಆದದ್ದು ಶಹಾತಾನಿಗೆ, ಆದ್ದರಿಂದ ಅವನ ಕಂಪನಿ ಅವನಿಗೆ ಎರಡು ವಾರ ಸಂಬಳದ ರಜೆ ಕೊಟ್ಟಿತು. ಕೆಲಸಗಾರರ ಕ್ಯಾಂಪಿನಲ್ಲಿದ್ದರೆ ಹೊಸ ಗಾಯವೇ ಇಲ್ಲವೆಂದು ಜೊತೆಯವರು ಕಂಡುಬಿಡುತ್ತಾರೆಂದು ಅವನನ್ನು ನಮ್ಮ ಮನೆಗೆ ತಂದೆವು. ನನಗೆ ಏನೂ ಆಗಿಲ್ಲ, ಆದ್ದರಿಂದ ನಾನು ಉಗ್ರಾಣಕ್ಕೆ ಹೋಗಿ ಕಂಪ್ರೆಸರುಗಳನ್ನು ಎತ್ತಿಡಿಸಬೇಕಾಯಿತು.

"ಆಪರೇಷನ್ ನಿನ್ನ ಬಾಮೈದನಿಗೆ, ನೀನ್ಯಾಕೆ ಬಗ್ಗಿ ನಡೀತೀಯ?" ಎಂದ ಮ್ಯಾನೇಜರು.

"ತುಂಬ ಹಚ್ಚಿಕೊಂಡಿದ್ದೀನಿ ಸರ್," ಎಂದೆ.

ಸಂಜೆ ಮನೆಗೆ ಬಂದರೆ ನನ್ನ ಹಾಸಿಗೆಯ ಮೇಲೆ ಶಹಾತಾ. ಸುತ್ತ ಅವನ ಸುಡಾನಿ ಮೇಸ್ತ್ರಿ ಮತ್ತು ನಾಲ್ಕು ಜನ, ಹಣ್ಣಿನ ಬುಟ್ಟಿ, ಪೇರಲ ರಸದ ಡಬ್ಬಗಳು. ಸೊಹೈರ್ ಅವನಿಗೆ ಕೋಳಿ ಸಾರು ಕುಡಿಸುತ್ತಿದ್ದಳು. ಐದು ಹೊಲಿಗೆ ಹೊತ್ತುಕೊಂಡು ಬಗ್ಗಿ ಬಗ್ಗಿ ಅವರಿಗೆಲ್ಲ ಚಹಾ ಕೊಟ್ಟವನು ನಾನು.

"ರೋಗಿ ಮುಖದಲ್ಲಿ ಕಳೆ ಇದೆ, ಅಲ್ಹಮ್ದುಲಿಲ್ಲಾ," ಎಂದ ಮೇಸ್ತ್ರಿ. "ನಿಮ್ಮ ಬಣ್ಣ ಮಾತ್ರ ಸರಿ ಇಲ್ಲ ಸಾಹೇಬ್ರೇ. ನೀವೂ ಒಂದ್ಸಲ ಅಪೆಂಡಿಕ್ಸ್ ತೋರಿಸ್ಕೊಳ್ಳಿ."

"ನಂದು ಎರಡು ವರ್ಷದ ಹಿಂದೆನೇ ಆಗಿದೆ," ಎಂದೆ.

ಅವರು ಹೋದ ಮೇಲೂ ಶಹಾತಾ ಏಳಲಿಲ್ಲ. "ಏಳೋ, ಹೋದ್ರು," ಎಂದೆ.

"ಏಳೋಕಾಗಲ್ಲ ಭಾವಾ. ಹೊಲಿಗೆ ಎಳೀತಿದೆ."

ನಾನು ನಕ್ಕೆ. ಅವನು ನಗಲಿಲ್ಲ. ಅವನ ಹಣೆ ಮುಟ್ಟಿದರೆ ಬಿಸಿ. ಮೊದಲು ಸೊಹೈರ್ ಅವನಿಗೆ ನಾಟಕಕ್ಕೆಂದು ಸಾರು ಕುಡಿಸುತ್ತಿದ್ದಳು, ಎರಡು ದಿನದಲ್ಲಿ ನಿಜಕ್ಕೂ ಆರೈಕೆಗೆ ನಿಂತಳು. "ಪಾಪ, ನರಳ್ತಿದ್ದಾನೆ. ನೀನು ಹೇಗೂ ಓಡಾಡ್ತಿದ್ದೀಯಲ್ಲ, ಸೋಫಾ ಮೇಲೆ ಮಲ್ಕೋ," ಎಂದಳು. ವಿಚಿತ್ರವೆಂದರೆ ನನಗೆ ನೋವು ಕಡಿಮೆಯಾಗುತ್ತಲೇ ಹೋಯಿತು.

ಏಳನೆಯ ದಿನ ಹೊಲಿಗೆ ಬಿಚ್ಚಬೇಕಿತ್ತು. "ಬಾಮೈದನ ಹೊಲಿಗೆ ಬಿಚ್ಚೋಕೆ ನಿಂಗ್ಯಾಕೆ ರಜೆ?" ಎಂದು ಮ್ಯಾನೇಜರು ಕಳಿಸಲಿಲ್ಲ. ಸಂಜೆ ಬಂದು ನೋಡಿದರೆ ಶಹಾತಾ ತಾನೇ ಆಸ್ಪತ್ರೆಗೆ ಹೋಗಿಬಂದಿದ್ದ. ಮುಖದಲ್ಲಿ ಸಮಾಧಾನ.

"ಬಿಚ್ಚಿದ್ರು ಭಾವಾ. ಐದು. ನಾನೇ ಎಣಿಸಿದೆ."

"ಏನು ಬಿಚ್ಚಿದ್ರೋ? ಹೊಲಿಗೆ ನನ್ನ ಹೊಟ್ಟೆ ಮೇಲಿದೆ!"

ಅವನು ಕಾಗದ ತೋರಿಸಿದ. ಮೊಹರು ಬಿದ್ದಿತ್ತು: ಐದು ಹೊಲಿಗೆ ತೆಗೆಯಲಾಗಿದೆ. ಆಮೇಲೆ ಬನಿಯನ್ ಎತ್ತಿದ. ಎರಡು ವರ್ಷದ ಹಿಂದೆಯೇ ಮಾಸಿದ್ದ ಅವನ ಗಾಯದ ಗೆರೆ ಕೆಂಪಗೆ ಹಸಿಯಾಗಿತ್ತು. ಎರಡೂ ಬದಿ ಸೂಜಿ ಹೊಕ್ಕ ಹತ್ತು ಚುಕ್ಕೆ. ನಾನು ನನ್ನ ಅಂಗಿ ಎತ್ತಿ ಎಣಿಸಿಕೊಂಡೆ: ನನ್ನ ಐದೂ ಅಲ್ಲೇ ಇದ್ದವು.

ಹೊಲಿಗೆ ತೆಗೆದಾಗಿದೆ ಎಂದು ಮೊಹರು ಬಿದ್ದ ಮೇಲೆ ಆ ಆಸ್ಪತ್ರೆಗೆ ನಾನು ಯಾವ ಮುಖ ಹೊತ್ತು ಹೋಗಲಿ? ನನ್ನ ಸ್ವಂತ ಕಾರ್ಡಿನಲ್ಲಂತೂ ನನಗೆ ಎರಡು ವರ್ಷದಿಂದ ಯಾವ ಆಪರೇಷನ್ನೂ ಆಗಿಲ್ಲ. ಕೊನೆಗೆ ಮದುವೆಗೆ ಮುಂಚೆ ಹುಡುಗಿಯರ ಶಾಲೆಯಲ್ಲಿ ಕಸೂತಿ ಕಲಿಸುತ್ತಿದ್ದ ಸೊಹೈರ್ ಚಿಕ್ಕ ಕತ್ತರಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ತಂದಳು. ನಾನು ಊಟದ ಮೇಜಿನ ಮೇಲೆ ಮಲಗಿ ಹಲ್ಲು ಕಚ್ಚಿದೆ.

ಮೊದಲ ಹೊಲಿಗೆ ಕತ್ತರಿಸಿದಳು. "ಅಯ್ಯಮ್ಮಾ!" ಎಂಬ ಚೀತ್ಕಾರ ಕೇಳಿತು. ನಾನು ಬಾಯಿ ತೆರೆದಿರಲಿಲ್ಲ. ಕೂಗು ಬಂದದ್ದು ಮಲಗುವ ಕೋಣೆಯಿಂದ. ಇಬ್ಬರೂ ಮುಖ ಮುಖ ನೋಡಿಕೊಂಡೆವು. ಎರಡನೆಯದು. ಒಳಗಿನಿಂದ ಮತ್ತೆ ಕೂಗು. ಮೂರನೆಯದಕ್ಕೆ ಅವನು ಅಳತೊಡಗಿದ.

"ಅಯ್ಯೋ ನನ್ನ ತಮ್ಮ!" ಎಂದು ಸೊಹೈರ್ ಕತ್ತರಿಯನ್ನು ನನ್ನ ಹೊಟ್ಟೆಯ ಮೇಲೆಯೇ ಬಿಟ್ಟು ಓಡಿದಳು. ಒಳಗೆ ಅವಳು ಅವನಿಗೆ ನೀರು ಕುಡಿಸಿ ಬೆನ್ನು ನೀವುವುದು ಕೇಳಿಸುತ್ತಿತ್ತು.

ನಾನು ಸ್ವಲ್ಪ ಹೊತ್ತು ಕಾದೆ. ನನ್ನನ್ನು ನೋಡಲು ಯಾರೂ ಬರಲಿಲ್ಲ. ಕತ್ತರಿ ತೆಗೆದುಕೊಂಡು ಉಳಿದ ಎರಡು ಹೊಲಿಗೆಯನ್ನು ನಾನೇ ಕತ್ತರಿಸಿಕೊಂಡೆ. ನನಗೆ ಒಂಚೂರೂ ನೋವಾಗಲಿಲ್ಲ. ಒಳಗೆ ಅವನು ಎರಡು ಸಲ ಕಿರುಚಿದ.

"ಅಬೂ ರಿಹಾಮ್, ಏನ್ ಮಾಡ್ತಿದ್ದೀಯ ಅಲ್ಲಿ?" ಎಂದು ಸೊಹೈರ್ ಕೋಣೆಯಿಂದ ಗದರಿದಳು. "ಇಲ್ಲೊಬ್ಬ ಜೀವ ಬಿಡ್ತಿದ್ದಾನೆ, ನಿಂಗೇನಾಗಿದೆ?"

ಎರಡೂ ಫೈಲಿನ ಪ್ರಕಾರ ನನಗೇನೂ ಆಗಿರಲಿಲ್ಲ. ಹಾಗೆಂದೇ ಹೇಳಿದೆ.