ಅತ್ತೆಯ ಎಮ್ಮೆ, ಮಾವನ ಎಡಗೈ

ನಮ್ಮ ಮನೆಯಲ್ಲಿ ರೊಕ್ಕದ ಮಾತು ಬಂದಾಗಲೆಲ್ಲ ಏನಾದರೊಂದು ಎಡವಟ್ಟು ಆಗಿಯೇ ಆಗುತ್ತದೆ. ಎಷ್ಟು ಜೋಪಾನ ಮಾಡಿದರೂ ತಪ್ಪಿದ್ದಲ್ಲ. ನಾನು ಮದುವೆಯಾಗಿ ಹಿಟ್ನಾಳಕ್ಕೆ ಬಂದಾಗ ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಅಲ್ಲಿಯ ಒಂದು ಬ್ಯಾಂಕಿನಲ್ಲಿ ನಾನು ಕ್ಯಾಷಿಯರ್. ಹಗಲೆಲ್ಲ ನೋಟಿನ ಕಟ್ಟು ಎಣಿಸಿ ಸಂಜೆ ಮನೆಗೆ ಬಂದರೆ ಅತ್ತೆಯ ಬಾಯಲ್ಲಿ ಒಂದೇ ಮಾತು: “ಹೆಣ್ಮಕ್ಕಳ ಕೈಯಾಗ ರೊಕ್ಕ ನಿಲ್ಲಂಗಿಲ್ಲವಾ.” ಈ ಮಾತನ್ನು ಅವರಿಗೆ ಅವರ ಅತ್ತೆ ಹೇಳಿದ್ದರಂತೆ. ಬಳುವಳಿ ಬಂದ ಬಿಂದಿಗೆಯನ್ನಾದರೂ ಯಾರಿಗೋ ಕೊಟ್ಟಾರು, ಈ ಮಾತನ್ನು ಮಾತ್ರ ನನಗೇ ಅಂತ ಎತ್ತಿಟ್ಟಿದ್ದರು.

ವಿಚಿತ್ರ ಅಂದರೆ, ಅದೇ ಅತ್ತೆಗೆ ಒಂದು ಆಸೆಯಿತ್ತು. ಶ್ಯಾವಿಗೆ ಮಾಡುವ ಮೋಟಾರಿನ ಯಂತ್ರ ಕೊಳ್ಳಬೇಕು, ಅದೂ ತಮ್ಮ ಸ್ವಂತ ರೊಕ್ಕದಲ್ಲಿ. ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಹಿಟ್ಟಿನ ಡಬ್ಬಿ ಹೊತ್ತು ಊರಾಚೆಯ ಯಂತ್ರದ ಮುಂದೆ ಪಾಳಿ ಹಚ್ಚುವುದನ್ನು ನೋಡಿ ನೋಡಿ ಹುಟ್ಟಿದ ಆಸೆ. ಒಂದು ಕಡೆ ಆ ಮಾತು, ಇನ್ನೊಂದು ಕಡೆ ಈ ಆಸೆ. ಎರಡೂ ಒಂದೇ ತಲೆಯಲ್ಲಿ ಸಂಸಾರ ಹೂಡಿದರೆ ಏನಾಗಬೇಕೋ ಅದೇ ಆಯಿತು.

ಸಂಶಯ

ಅತ್ತೆಯೊಬ್ಬರನ್ನೇ ಅಂದರೆ ತಪ್ಪಾದೀತು. ನಮ್ಮ ಶಾಖೆಯ ಕ್ಯಾಷ್ ಕೌಂಟರಿನಲ್ಲಿ ಕೂತ ಮೊದಲ ಹೆಂಗಸು ನಾನು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಯಲಬುರ್ಗಾ ಕಡೆಯ ಹಿರಿಯ ರೈತರೊಬ್ಬರು ಟೋಕನ್ ಹಿಡಿದು ಬಂದರು. ನನ್ನನ್ನು ನೋಡಿದರು, ನನ್ನ ಬೆನ್ನ ಹಿಂದೆ ನೋಡಿದರು, ಆಮೇಲೆ ಬಗ್ಗಿ ಮೇಜಿನ ಕೆಳಗೂ ನೋಡಿದರು.

“ಸಾಹೇಬರು ಊಟಕ್ಕ ಹೋಗ್ಯಾರೇನವಾ?”

“ಇಲ್ರಿ ಯಜಮಾನ್ರ, ರೊಕ್ಕ ಕೊಡಾಕಿ ನಾನ.”

“ಇರ್ಲಿ ತೊಗೋ, ಅವಸರೇನಿಲ್ಲ. ಅವ್ರು ಬರತನಾ ಕುಂದರ್ತೀನಿ.”

ಹೋಗಿ ಬೆಂಚಿನ ಮೇಲೆ ಕೂತರು. ಸಾಹೇಬರು ಬರಲಿಲ್ಲ, ಬರುವವರು ಯಾರೂ ಇರಲಿಲ್ಲ. ಕೌಂಟರ್ ಮುಚ್ಚುವ ಹೊತ್ತಾದಾಗ ಬೇರೆ ದಾರಿಯಿಲ್ಲದೆ ಬಂದು ಟೋಕನ್ ಒಳಗೆ ತಳ್ಳಿದರು. ನಾನು ಎಣಿಸಿ ಕೊಟ್ಟೆ. ಮತ್ತೆ ಬೆಂಚಿಗೆ ಹೋಗಿ, ಹೆಬ್ಬೆರಳಿಗೆ ಉಗುಳು ಹಚ್ಚಿ ಎಣಿಸಿದರು. ತಲೆ ಕೆರೆದುಕೊಂಡು ಇನ್ನೊಮ್ಮೆ ಎಣಿಸಿದರು. ಪಕ್ಕದವರ ಕೈಗೆ ಕೊಟ್ಟು ಅವರಿಂದಲೂ ಎಣಿಕೆ ಮಾಡಿಸಿದರು. ಆಮೇಲೆ ಮುಖ ಗಂಟು ಹಾಕಿಕೊಂಡು ನನ್ನ ಕಡೆಗೇ ಬಂದರು. ನನ್ನದೋ ಹೊಸ ನೌಕರಿ.

“ಕಮ್ಮಿ ಬಂದಾವೇನ್ರಿ?” ಅಂದೆ.

“ಇಲ್ಲವಾ, ಬರೋಬ್ಬರಿ ಅದಾವು,” ಅಂದರು. “ಅದಕ್ಕ ಸಂಶಯ ಬಂತು.”

ನನ್ನ ಪಗಾರ

ನನ್ನ ಗಂಡ ಸಾಲಿ ಮಾಸ್ತರರು. ತಮ್ಮ ಪಗಾರವನ್ನು ಮಾವನ ಕೈಗಿಟ್ಟು ಹಾಯಾಗಿ ಇರುವ ಪೈಕಿ. ನಾನೂ ಹಾಗೇ ಮಾಡಬೇಕೆಂದು ಅತ್ತೆಯ ಕಟ್ಟಪ್ಪಣೆ. ನನ್ನ ಪಗಾರ ನಮ್ಮ ಬ್ಯಾಂಕಿನಲ್ಲೇ ಜಮಾ ಆಗುತ್ತಿತ್ತು. ತಿಂಗಳ ಮೊದಲಿಗೆ ನಾನು ಸಹಿ ಮಾಡಿಕೊಟ್ಟ ಚೆಕ್ಕು ಹಿಡಿದು ಮಾವ ಬಸ್ಸು ಹತ್ತಿ ಕೊಪ್ಪಳಕ್ಕೆ ಬರುತ್ತಿದ್ದರು. ಕ್ಯಾಷ್ ಕೊಡುವವಳು ನಾನೇ, ಅದೂ ನನ್ನದೇ ಕ್ಯಾಷು. ಮಾವ ಪಾಳಿಯಲ್ಲಿ ನಿಂತು, ಸರದಿ ಬಂದಾಗ ಗುರುತೇ ಇಲ್ಲದವರಂತೆ ಗಂಭೀರವಾಗಿ, “ನೋಡಿ ಎಣಿಸವಾ, ಹೆಚ್ಚುಕಮ್ಮಿ ಆದೀತು,” ಅನ್ನುತ್ತಿದ್ದರು. ಎಣಿಸಿ ಕೊಡುತ್ತಿದ್ದೆ. ಅವರು ಅದನ್ನು ಅಂಗಿಯ ಒಳಜೇಬಿಗೆ ಹಾಕಿ, ಮನೆಗೆ ಒಯ್ದು, ದೇವರ ಮುಂದಿಟ್ಟು, ಸಂಜೆ ನಾನು ಬಂದ ಮೇಲೆ ತಿಂಗಳ ಬಸ್ ಚಾರ್ಜನ್ನು ನನ್ನ ಕೈಗೆ ಕೊಡುತ್ತಿದ್ದರು. ನಾನು ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಿದ್ದೆ.

ಪಕ್ಕದ ಕೌಂಟರಿನ ಗುಮಾಸ್ತರು ಇದನ್ನು ಬಹಳ ತಿಂಗಳು ಸುಮ್ಮನೆ ನೋಡಿದರು. ಕೊನೆಗೆ ತಡೆಯದೆ ಒಂದು ದಿನ ಅಂದೇಬಿಟ್ಟರು: “ಮೇಡಂ, ಬಸ್ ಚಾರ್ಜ್ ಇಲ್ಲೇ ಹಿಡಕೊಂಡು ಕೊಡ್ರೆಲಾ. ಪಾಪ, ಆ ನೋಟಿಗೆ ಹಿಟ್ನಾಳಕ್ಕ ಹೋಗಿ ಬರೋ ತ್ರಾಸು ಉಳೀತೈತಿ.”

ಶುಕ್ರವಾರದ ಲಕ್ಷ್ಮಿ

ಗುಮಾಸ್ತರ ಮಾತನ್ನು ಮನೆಯಲ್ಲಿ ಹೇಳಿದಾಗ ಅತ್ತೆ ರೊಟ್ಟಿ ತಟ್ಟುವುದನ್ನು ಬಿಟ್ಟು ಬಿದ್ದು ಬಿದ್ದು ನಕ್ಕರು. ನಕ್ಕಾದ ಮೇಲೂ ಆ ಮಾತು ಅವರ ತಲೆಯಲ್ಲಿ ಕೂತಿರಬೇಕು. ಮರುತಿಂಗಳು, “ಬಿಸಲಾಗ ನೀವ್ಯಾಕ ಅಡ್ಡಾಡ್ತೀರಿ, ಅಕಿನ ತರ್ತಾಳ ಬಿಡ್ರಿ,” ಎಂದು ಮಾವನನ್ನು ಮನೆಯಲ್ಲೇ ಕೂರಿಸಿದರು. ಅಷ್ಟೇ ಅಲ್ಲ, ಓಣಿಯ ಹೆಂಗಸರನ್ನು ಸೇರಿಸಿ ಉಳಿತಾಯದ ಸಂಘವನ್ನೂ ಕಟ್ಟಿದರು. ನಮ್ಮ ಮ್ಯಾನೇಜರು ಖುಷಿಯಾಗಿ, ಮಹಿಳಾ ಸಂಘಗಳಿಗೆಂದೇ ಶುಕ್ರವಾರ ಗೊತ್ತು ಮಾಡಿದರು.

ಮೊದಲ ಶುಕ್ರವಾರ ಅತ್ತೆಯ ದಂಡು ಬಂತು. ಎಲ್ಲರ ಸೆರಗಿನ ತುದಿಯಲ್ಲೂ ಗಂಟು. ಕೌಂಟರಿನ ಮುಂದೆ ಸಾಲಾಗಿ ನಿಂತರು. ಗಂಟನ್ನು ಮಾತ್ರ ಯಾರೂ ಬಿಚ್ಚಲಿಲ್ಲ. ಮ್ಯಾನೇಜರು ಎದ್ದು ಬಂದರು.

“ಯಾಕ್ರಿ ಅವ್ವಾರ, ರೊಕ್ಕ ಕಟ್ಟಂಗಿಲ್ಲೇನು?”

ಅತ್ತೆ ಅಂದರು: “ಕಟ್ಟಾಕ ಬಂದೀವ್ರಿ. ಇಲ್ಲಿಗೆ ಬಂದ ಮ್ಯಾಲೆ ನೆಪ್ಪಾತು, ಇವತ್ತ ಶುಕ್ರವಾರ. ಲಕ್ಷ್ಮೀನ ಹೊರಗ ಕೊಡಂಗಿಲ್ಲ.”

“ಅದು ಹೊರಗ ಕೊಟ್ಟಂಗಲ್ರಿ. ಬ್ಯಾಂಕಿನ್ಯಾಗ ಇಟ್ರೂ ನಿಮ್ದ ರೊಕ್ಕ.”

“ನಮ್ದ ಇದ್ರ ನಮ್ಮ ಸೆರಗಿನ್ಯಾಗ ಇದ್ರೇನಾತ್ರಿ?”

ಸಾಲದ ಅರ್ಜಿ ಕೊಟ್ಟಿದ್ದ ಹೆಂಗಸೊಬ್ಬಳು ಹಿಂದಿನಿಂದ ಮೆಲ್ಲಗೆ ಕೇಳಿದಳು: “ಕೊಡೋದಕ್ಕ ಅಡ್ಡಿ ಖರೆ. ತೊಗೊಳ್ಳಾಕ?”

“ತೊಗೊಳ್ಳಾಕ ಶುಕ್ರವಾರದಂಥಾ ದಿನಾನ ಇಲ್ಲ,” ಅಂದರು ಅತ್ತೆ. “ಬ್ಯಾಂಕಿನ ಲಕ್ಷ್ಮಿ ನಮ್ಮ ಮನಿಗೆ ಬಂದಂಗಾತು.” ಅಂದಿನಿಂದ ಅವರ ಕ್ರಮವೇ ಹಾಗಾಯಿತು. ಬ್ಯಾಂಕಿಗೆ ಕಟ್ಟುವುದು ಬುಧವಾರ, ಬ್ಯಾಂಕಿನಿಂದ ಒಯ್ಯುವುದು ಶುಕ್ರವಾರ.

ಮುಂದಿನ ಶುಕ್ರವಾರ ಮ್ಯಾನೇಜರು ನನ್ನನ್ನು ತಮ್ಮ ಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಸಣ್ಣ ದನಿಯಲ್ಲಿ ಅಂದರು: “ಮೇಡಂ, ಇವತ್ತ ಯಾರಿಗೂ ಸಾಲ ಕೊಡೂದು ಬ್ಯಾಡ. ನಮ್ಮ ಮನ್ಯಾಗೂ ಹೇಳಿ ಕಳಿಸ್ಯಾರ.”

ಎಷ್ಟು ಹಿಟ್ಟು

ಸಂಘ ಕಟ್ಟಿದ ಮೇಲೆ ಅತ್ತೆಗೆ ಧೈರ್ಯ ಬಂತು. ಯಂತ್ರ ನೋಡಿಯಾದರೂ ಬರೋಣ ಎಂದು ಗಂಗಾವತಿಗೆ ಹೊರಟರು. ಹೆಂಗಸರಿಬ್ಬರೇ ಹೋದರೆ ಅಂಗಡಿಯವರು ಬೆಲೆ ಹೇಳುವುದಿಲ್ಲ ಅನ್ನುವುದು ಅವರ ನಂಬಿಕೆ. ಹಾಗಾಗಿ ಮಾವನನ್ನೂ ಕರೆದುಕೊಂಡು ಹೋದೆವು.

ಅಂಗಡಿಯವರು ಬಹಳ ಸಂಭಾವಿತರು. ಪ್ರಶ್ನೆ ಕೇಳುವವರು ಅತ್ತೆ, ಅವರು ಉತ್ತರ ಹೇಳುವುದು ಮಾವನಿಗೆ. “ಮೋಟಾರು ಎಷ್ಟರದು?” ಎಂದು ಅತ್ತೆ ಕೇಳಿದರೆ, “ಯಜಮಾನ್ರ, ಇದರ ಮೋಟಾರು ಭಾಳ ಗಟ್ಟಿ ನೋಡ್ರಿ,” ಅನ್ನುವರು. “ಅಚ್ಚು ಬದಲಿ ಮಾಡಾಕ ಬರ್ತೈತೇನು?” ಅಂದರೆ, “ಯಜಮಾನ್ರ, ಅಚ್ಚು ಹಿಂಗ ಬಿಚ್ಚತೈತ್ರಿ,” ಎಂದು ಮಾವನ ಮೂಗಿನ ತನಕ ಹಿಡಿಯುವರು. ಮಾವ ಹುಟ್ಟಿದಾಗಿನಿಂದ ಶ್ಯಾವಿಗೆಯನ್ನು ಹಾಲು ಸಕ್ಕರೆಯ ಜೊತೆಗೆ ಮಾತ್ರ ನೋಡಿದವರು. ಎಲ್ಲಕ್ಕೂ ಹೂಂ ಹೂಂ ಎಂದು ತಲೆಯಾಡಿಸಿದರು.

ಕೊನೆಗೆ ಅಂಗಡಿಯವರು ಕೇಳಿದರು: “ಯಜಮಾನ್ರ, ದಿನಕ್ಕ ಎಷ್ಟು ಹಿಟ್ಟು ಬೇಕಾಗತೈತಿ ಹೇಳ್ರಿ. ಅದರ ಮ್ಯಾಲೆ ಮಷಿನ್ ತೋರಸ್ತೀನಿ.”

ಮಾವ ಗಂಭೀರವಾಗಿ ಯೋಚಿಸಿ ಹೇಳಿದರು: “ನನಗೇನು, ಮೂರು ರೊಟ್ಟಿದು ಸಾಕು.”

ತಂತಿ

ಯಂತ್ರ ಅತ್ತೆಯ ಮನಸ್ಸಿಗೆ ಬಂತು. ಸಾಲ ಬೇಡ ಎಂದರು, ಮಗನ ರೊಕ್ಕ ಬೇಡ, ನನ್ನದೂ ಬೇಡ ಎಂದರು. ಕೊಟ್ಟಿಗೆಯಲ್ಲಿದ್ದ ಮೂರು ಎಮ್ಮೆಗಳಲ್ಲಿ ಒಂದು ಅವರ ತವರಿನಿಂದ ಕರುವಾಗಿ ಬಂದದ್ದು. ಅದನ್ನು ಮಾರುತ್ತೇನೆ ಎಂದರು. ಮಾವ ಇಲ್ಲ ಅನ್ನಲಿಲ್ಲ. “ಎಮ್ಮಿ ನಿಂದ, ಖರೆ. ಆದ್ರ ಮಾರೋದು ಗಂಡಸರ ಕೆಲಸ,” ಅಂದರು.

ಅದಕ್ಕೆ ಕಾರಣವಿತ್ತು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ದಲ್ಲಾಳಿ ಮಾರುವವನ ಕೈಯನ್ನು ಹಿಡಿದು ಮೇಲೆ ಟವೆಲ್ ಮುಚ್ಚುತ್ತಾನೆ. ಒಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ. ನೋಡುವವರಿಗೆ ಏನೂ ತಿಳಿಯದು. ಪರಗಂಡಸಿನ ಕೈ ಹಿಡಿದು ಹೆಂಗಸು ವ್ಯಾಪಾರ ಮಾಡುವುದು ಹೇಗೆ? ಆದರೆ ಮಾವನೊಬ್ಬರನ್ನೇ ಕಳಿಸಿದರೆ ಯಂತ್ರದ ಆಸೆ ಅಲ್ಲಿಗೇ ಮುಗಿದಂತೆ. ಅವರು ಬಹಳ ಮೆತ್ತಗಿನ ಮನುಷ್ಯ. ದಲ್ಲಾಳಿ ಕೈ ಹಿಡಿದು “ಆರಾಮ ಅದೀರಿ?” ಅಂದರೆ ಸಾಕು, ಕರಗಿ ಅರ್ಧ ಬೆಲೆಗೆ ಕೊಟ್ಟು ಬರುತ್ತಿದ್ದರು.

ಅತ್ತೆ ಎರಡು ದಿನ ವಿಚಾರ ಮಾಡಿ ಒಂದು ಉಪಾಯ ತೆಗೆದರು. “ನಿಮ್ಮ ಬಲಗೈ ಅವಗ ಕೊಡ್ರಿ. ಎಡಗೈ ನನಗ ಕೊಡ್ರಿ. ಅಂವ ಅಲ್ಲಿ ಎಷ್ಟು ಬೆರಳು ಹಿಡೀತಾನ, ನೀವು ಇಲ್ಲಿ ಅಷ್ಟು ಹಿಡೀರಿ. ನಾ ಎಷ್ಟು ಹಿಡೀತೀನಿ, ಅಲ್ಲಿ ಅಷ್ಟು ಹಿಡೀರಿ. ನಡಬರಕ ನಿಮ್ಮ ತಲಿ ಓಡಸಬ್ಯಾಡ್ರಿ.”

ನಾನು ರಜೆ ಹಾಕಿ ಜೊತೆಗೆ ಹೊರಟೆ. ಎಮ್ಮೆಯನ್ನು ಟೆಂಪೋದಲ್ಲಿ ಹತ್ತಿಸಿಕೊಂಡು ಕುಷ್ಟಗಿ ಸಂತೆಗೆ ಹೋದೆವು. ದಲ್ಲಾಳಿಯೊಬ್ಬ ಬಂದು ಎಮ್ಮೆಯ ಹಲ್ಲು ನೋಡಿ, ಕೆಚ್ಚಲು ನೋಡಿ, ಮಾವನ ಬಲಗೈ ಹಿಡಿದು ಟವೆಲ್ ಹಾಕಿದ. ಅತ್ತೆ ಮಾವನ ಎಡಕ್ಕೆ ಒತ್ತಿ ನಿಂತು, ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡರು. ಹೊರಗಿನಿಂದ ನೋಡಿದರೆ ಗಂಡನ ಮೇಲೆ ಬಹಳ ಪ್ರೀತಿ ಇರುವ ಹೆಂಗಸು, ಅಷ್ಟೇ.

ದಲ್ಲಾಳಿ ಬೆರಳು ಹಿಡಿದ. ಮಾವ ಅದನ್ನು ಎಡಗೈಗೆ ದಾಟಿಸಿದರು. ಬೆಲೆ ಬಹಳ ಕಡಿಮೆ ಇದ್ದಿರಬೇಕು, ಅತ್ತೆ ಸಿಟ್ಟಿನಿಂದ ಮಾವನ ಬೆರಳುಗಳನ್ನು ತಿರುವಿದರು.

“ಯಪ್ಪಾ!” ಎಂದು ಚೀರಿದರು ಮಾವ.

ಸಂತೆಯ ಆ ಮೂಲೆಯೆಲ್ಲ ತಿರುಗಿ ನೋಡಿತು. ದಲ್ಲಾಳಿ ಗಾಬರಿಯಾಗಿ ಬೆಲೆ ಏರಿಸಿದ. ಮಾವ ಇನ್ನೇನು ಒಪ್ಪುವವರಂತೆ ಬಾಯಿ ತೆರೆದರು. ಅತ್ತೆ ಮತ್ತೆ ತಿರುವಿದರು.

“ಸತ್ತೆನೋ ಯವ್ವಾ!”

ಈಗ ಜನ ಸೇರಿದರು. ಬೆಲೆ ಯಾರಿಗೂ ಗೊತ್ತಿಲ್ಲ, ಚೀರಾಟ ಮಾತ್ರ ಎಲ್ಲರಿಗೂ ಕೇಳಿಸಿದೆ. “ವಯಸ್ಸಾದ ಮನುಷ್ಯಾನ್ನ ಹಿಂಗ ಚೀರಸ್ತೀಯಲ್ಲೋ, ಎಷ್ಟು ಕಮ್ಮಿ ಕೇಳಿದಿ?” ಎಂದು ದಲ್ಲಾಳಿಯನ್ನು ಬೈಯತೊಡಗಿದರು. ಆತ ಬೆವರು ಒರೆಸಿಕೊಂಡು ಇನ್ನೂ ಏರಿಸಿದ. ಆಗಲೇ ಅವನ ಕಣ್ಣು ಸೆರಗಿನ ಕಡೆ ಹೋಯಿತು.

“ಯಜಮಾನ್ರ, ನಿಮ್ಮ ಎಡಗೈ ಎಲ್ಲೈತಿ?”

ಎಲ್ಲರ ಕಣ್ಣೂ ಅತ್ತೆಯ ಸೆರಗಿನ ಕಡೆ ತಿರುಗಿದವು. ಅತ್ತೆಯ ಮುಖ ಸಣ್ಣದಾಯಿತು. ಇಷ್ಟು ಜನರ ಮುಂದೆ ಮಾವ ಮರ್ಯಾದೆಗೆ ಅಂಜಿ ಕೈ ಕೊಡವಿ ಬಿಟ್ಟರೆ ಎಲ್ಲ ಮುಗಿಯಿತು. ಮಾವ ಒಮ್ಮೆ ಜನರನ್ನು ನೋಡಿದರು, ಒಮ್ಮೆ ಅತ್ತೆಯನ್ನು ನೋಡಿದರು. ಆಮೇಲೆ ಬಲಗೈಯನ್ನು ದಲ್ಲಾಳಿಯ ಟವೆಲಿನಿಂದ ಹೊರಗೆಳೆದರು. ಎಡಗೈ ಅತ್ತೆಯ ಸೆರಗಿನಲ್ಲೇ ಇತ್ತು.

“ಎಮ್ಮಿ ಅಕೀದೋ ತಮ್ಮಾ,” ಅಂದರು. “ನಾ ಬರೇ ತಂತಿ. ಕರೆಂಟು ಆ ಕಡಿಂದ ಬರಾಕ ಹತ್ತೇತಿ.”

ನಗೆಯ ಅಲೆ ಎದ್ದಿತು. ದಲ್ಲಾಳಿಯೂ ನಕ್ಕುಬಿಟ್ಟ. ಟವೆಲನ್ನು ಹೆಗಲಿಗೆ ಹಾಕಿಕೊಂಡು ಅತ್ತೆಯ ಕಡೆ ತಿರುಗಿದ: “ಹಂಗಾದ್ರ ಬಾಯಿಲೆ ಹೇಳ್ರಿ ಅವ್ವಾರ, ಎಷ್ಟಕ್ಕ ಕೊಡ್ತೀರಿ?”

ಅತ್ತೆ ಜನ್ಮದಲ್ಲಿ ಗಂಡಸರೆದುರು ಯಾವುದರ ಬೆಲೆಯನ್ನೂ ಗಟ್ಟಿಯಾಗಿ ಹೇಳಿದವರಲ್ಲ. ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡರು. ಬೆಲೆ ಹೇಳಿದರು. ಎಷ್ಟು ಗಟ್ಟಿಯಾಗಿ ಅಂದರೆ ಎಮ್ಮೆಯೂ ಕಿವಿ ನಿಮಿರಿಸಿತು. ಇಷ್ಟು ಜನರ ಮುಂದೆ ಚೌಕಾಸಿ ಮಾಡಲು ದಲ್ಲಾಳಿಗೆ ಬಾಯಿ ಬರಲಿಲ್ಲ, ಒಪ್ಪಿಕೊಂಡ. ರೂಢಿಯಂತೆ ನೋಟುಗಳನ್ನು ಮಾವನ ಕಡೆ ಚಾಚಿದ. ಮಾವ ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡರು. ರೊಕ್ಕ ನೇರವಾಗಿ ಅತ್ತೆಯ ಅಂಗೈಗೆ ಬಂತು. ಅವರು ಅದನ್ನು ಅಲ್ಲೇ ನಿಂತು, ಬಾಯಿಬಿಟ್ಟು ಎಣಿಸಿದರು. ನಾನು ಸಾವಿರಾರು ಜನ ರೊಕ್ಕ ಎಣಿಸುವುದನ್ನು ನೋಡಿದ್ದೇನೆ. ಅವತ್ತಿನ ಅತ್ತೆಯಷ್ಟು ಚೆಲುವಾಗಿ ಎಣಿಸಿದವರನ್ನು ಕಂಡಿಲ್ಲ. ಯಂತ್ರ ಮರುವಾರವೇ ಮನೆಗೆ ಬಂತು.

ಆದರೆ ಅವತ್ತು ಸಂತೆಯಿಂದ ಹೊರಡುವಾಗ ಇನ್ನೊಂದು ನಡೆಯಿತು. ಕೆಂಪಗಾದ ಬೆರಳುಗಳನ್ನು ಊದಿಕೊಳ್ಳುತ್ತ ಮಾವ ಟೆಂಪೋ ಹತ್ತುತ್ತಿದ್ದರು. ಒಬ್ಬ ರೈತ ಏದುಸಿರು ಬಿಡುತ್ತ ಓಡಿ ಬಂದು ಅವರ ಮುಂದೆ ಕೈಮುಗಿದ.

“ಯಜಮಾನ್ರ, ನಂದೊಂದು ಎತ್ತು ಐತ್ರಿ. ಮುಂದಿನ ಸಂತಿಗೆ ಬಂದು ಒಂದೀಟು ಮಾರಿಕೊಡ್ರಿ. ಭಾಳ ಛಲೋ ಚೀರ್ತೀರಿ.”

“ನಾ ಒಬ್ಬನ ಬಂದ್ರ ಚೀರಾಕ ಬರಂಗಿಲ್ಲೋ,” ಎಂದು ಮಾವ ಅತ್ತೆಯ ಕಡೆ ಕೈ ತೋರಿಸಿದರು. “ಅಕಿನ್ನ ಕೇಳು.”

ಆತ ಅತ್ತೆಯ ಕಡೆ ತಿರುಗುವಷ್ಟರಲ್ಲಿ ಉತ್ತರ ಬಂದೇ ಬಿಟ್ಟಿತು:

“ಎತ್ತಿಗೆ ರೇಟು ಬ್ಯಾರೆ.”